ಅಪರಾಧಶಾಸ್ತ್ರವನ್ನು ಮೈನರ್ ವಿಷಯವಾಗಿ ಓದುವ ಬಗೆ

ಅಪರಾಧಶಾಸ್ತ್ರದ ಮೊದಲ ತರಗತಿಗೆ ಬರುವ ಹಲವು ವಿದ್ಯಾರ್ಥಿಗಳು ಬೆರಳಚ್ಚು, ರಕ್ತದ ಕಲೆ, ಡಿಎನ್‌ಎ ಪರೀಕ್ಷೆಗಳನ್ನು ನಿರೀಕ್ಷಿಸಿಕೊಂಡು ಬರುತ್ತಾರೆ. ಅವು ವಿಧಿವಿಜ್ಞಾನಕ್ಕೆ ಸೇರಿದವು. ಯಾವ ಕೃತ್ಯಕ್ಕೆ ಯಾವ ಕಲಂ ಅನ್ವಯಿಸುತ್ತದೆ ಎಂಬುದು ಕಾನೂನಿನ ವ್ಯಾಪ್ತಿಗೆ ಬರುತ್ತದೆ. ಅಪರಾಧಶಾಸ್ತ್ರ ಮೂಲತಃ ಒಂದು ಸಮಾಜವಿಜ್ಞಾನ. ಸಮಾಜವು ಕೆಲವು ಕೃತ್ಯಗಳನ್ನು ಮಾತ್ರ ಅಪರಾಧವೆಂದು ಏಕೆ ಪರಿಗಣಿಸುತ್ತದೆ, ಜನ ಅಂಥ ಕೃತ್ಯಗಳಿಗೆ ಹೇಗೆ ಇಳಿಯುತ್ತಾರೆ, ಎಷ್ಟು ನಡೆದಿವೆ ಎಂದು ಲೆಕ್ಕ ಹಾಕುವುದು ಹೇಗೆ, ಶಿಕ್ಷೆಯಿಂದ ನಿಜವಾಗಿ ಏನಾಗುತ್ತದೆ ಎಂಬುವು ಅದರ ಪ್ರಶ್ನೆಗಳು. ಈ ಪ್ರಶ್ನೆಗಳಲ್ಲಿ ಆಸಕ್ತಿ ಹುಟ್ಟದಿದ್ದರೆ ಬೇರೆ ಮೈನರ್ (ಪದವಿಯ ಮುಖ್ಯ ವಿಷಯದ ಜೊತೆಗೆ ಓದುವ ಉಪವಿಷಯ) ಆರಿಸಿಕೊಳ್ಳುವುದೇ ಲೇಸು.

ಆಡಳಿತದ ಸಂಗತಿಗಳನ್ನು ಮೊದಲೇ ಮುಗಿಸಿಕೊಳ್ಳಬೇಕು. ಮೈನರ್‌ಗೆ ಎಷ್ಟು ಕ್ರೆಡಿಟ್ ಬೇಕೆಂಬುದು ವಿಶ್ವವಿದ್ಯಾಲಯದಿಂದ ವಿಶ್ವವಿದ್ಯಾಲಯಕ್ಕೆ ಬದಲಾಗುತ್ತದೆ. ಮುಖ್ಯ ವಿಷಯಕ್ಕಾಗಿ ಓದಿದ ಕೋರ್ಸ್ ಮೈನರ್‌ಗೂ ಲೆಕ್ಕಕ್ಕೆ ಬರುತ್ತದೆಯೇ, ಯಾವ ಕೋರ್ಸಿಗೆ ಯಾವುದನ್ನು ಮೊದಲು ಮುಗಿಸಿರಬೇಕು, ಯಾವುದನ್ನು ವರ್ಷಕ್ಕೊಮ್ಮೆ ಮಾತ್ರ ಬೋಧಿಸುತ್ತಾರೆ ಎಂಬ ಮೂರು ಪ್ರಶ್ನೆಗಳಿಗೆ ನೋಂದಣಿಗೆ ಮುನ್ನವೇ ವಿಭಾಗದಿಂದ ಲಿಖಿತ ಉತ್ತರ ಪಡೆಯುವುದು ಒಳ್ಳೆಯದು.

ಕೋರ್ಸುಗಳನ್ನು ಯಾವ ಕ್ರಮದಲ್ಲಿ ಓದುತ್ತೀರಿ ಎಂಬುದೇ ಎಲ್ಲಕ್ಕಿಂತ ಮುಖ್ಯ. ಸರಣಿ ಹಂತಕರು, ಸಂಘಟಿತ ಅಪರಾಧ, ಸೈಬರ್ ಅಪರಾಧ ಎಂಬ ಶೀರ್ಷಿಕೆಗಳು ಸಹಜವಾಗಿಯೇ ಸೆಳೆಯುತ್ತವೆ. ಆದರೆ ಸಿದ್ಧಾಂತ ಮತ್ತು ಸಂಶೋಧನಾ ವಿಧಾನದ ಕೋರ್ಸುಗಳನ್ನು ಮೊದಲು ಮುಗಿಸದವರಿಗೆ ಅವು ಬರಿಯ ಕುತೂಹಲದ ಕಥೆಗಳಾಗಿ ಉಳಿದುಬಿಡುತ್ತವೆ. ಇದಕ್ಕೆ ಈ ಶಾಸ್ತ್ರದ ಇತಿಹಾಸದಲ್ಲಿಯೇ ನಿದರ್ಶನವಿದೆ. ಇಟಲಿಯ ವೈದ್ಯ ಚೆಸಾರೆ ಲೊಂಬ್ರೋಸೊ 1876ರಲ್ಲಿ, ಹುಟ್ಟು ಅಪರಾಧಿಗಳನ್ನು ತಲೆಬುರುಡೆ, ದವಡೆ, ಕಿವಿಗಳ ಆಕಾರದಿಂದ ಗುರುತಿಸಬಹುದೆಂಬ ವಾದವನ್ನು ಮುಂದಿಟ್ಟ. ಇಂಗ್ಲೆಂಡಿನ ಸೆರೆಮನೆ ವೈದ್ಯ ಚಾರ್ಲ್ಸ್ ಗೋರಿಂಗ್ ಸಾವಿರಾರು ಕೈದಿಗಳ ಅಳತೆಗಳನ್ನು ಸೈನಿಕರು, ವಿದ್ಯಾರ್ಥಿಗಳು ಮೊದಲಾದವರ ಅಳತೆಗಳೊಂದಿಗೆ ಹೋಲಿಸಿ 1913ರಲ್ಲಿ ಪ್ರಕಟಿಸಿದಾಗ, ಅಂಥ ಪ್ರತ್ಯೇಕ ದೈಹಿಕ ಮಾದರಿ ಕಂಡುಬರಲಿಲ್ಲ. ಕೈದಿಗಳನ್ನು ಮಾತ್ರ ನೋಡಿ ಕೈದಿಗಳ ಬಗ್ಗೆ ತೀರ್ಮಾನಿಸಬಾರದು ಎಂಬ ಪಾಠ ಯಾವ ಸಿದ್ಧಾಂತಕ್ಕಿಂತಲೂ ಹೆಚ್ಚು ಕಾಲ ಉಪಯೋಗಕ್ಕೆ ಬರುತ್ತದೆಂದು ನನಗನ್ನಿಸುತ್ತದೆ.

ಅಂಕಿಅಂಶಗಳ ವಿಷಯದಲ್ಲಿಯೂ ಇದೇ ಎಚ್ಚರ ಬೇಕು. ಪೊಲೀಸರ ದಾಖಲೆಯಲ್ಲಿರುವುದು ವರದಿಯಾದ ಮತ್ತು ದಾಖಲಿಸಿಕೊಂಡ ಅಪರಾಧಗಳು ಮಾತ್ರ. ಹೀಗಾಗಿ ಜನರಿಗೆ ಪೊಲೀಸರ ಮೇಲೆ ನಂಬಿಕೆ ಹೆಚ್ಚಿ ದೂರುಗಳು ಏರಿದರೂ, ಕಾಗದದ ಮೇಲೆ ಅಪರಾಧವೇ ಏರಿದಂತೆ ಕಾಣಬಹುದು. ದಾಖಲಾಗದ ಪಾಲನ್ನು ಅಂದಾಜಿಸಲು ಹಲವು ದೇಶಗಳು ಸಂತ್ರಸ್ತರ ಸಮೀಕ್ಷೆ ನಡೆಸುತ್ತವೆ. ಬ್ರಿಟನ್ನಿನಲ್ಲಿ ಇದು 1982ರಲ್ಲಿ ಆರಂಭವಾಯಿತು. ಅದಕ್ಕೂ ಮಿತಿಯಿದೆ: ಕೊಲೆಯಾದವರನ್ನು ಪ್ರಶ್ನೆ ಕೇಳಲಾಗದು, ತಾನು ವಂಚನೆಗೊಳಗಾದದ್ದು ತಿಳಿಯದವನು ಅದನ್ನು ಹೇಳಲಾರ. ಮೊದಲ ಅವಧಿಯಲ್ಲಿಯೇ (ಸೆಮಿಸ್ಟರಿನಲ್ಲಿಯೇ) ಒಂದು ಸರಳ ಅಭ್ಯಾಸ ಮಾಡಿಕೊಳ್ಳಿ: ಯಾವುದಾದರೂ ಒಂದು ಅಪರಾಧದ ಬಗ್ಗೆ ಪೊಲೀಸ್ ದಾಖಲೆಯನ್ನೂ ಸಮೀಕ್ಷೆಯನ್ನೂ ಪಕ್ಕಪಕ್ಕದಲ್ಲಿಟ್ಟು, ಎರಡರ ನಡುವಣ ವ್ಯತ್ಯಾಸಕ್ಕೆ ಕಾರಣಗಳನ್ನು ಒಂದು ಪುಟದಲ್ಲಿ ಬರೆಯಿರಿ.

ಐಚ್ಛಿಕ ಕೋರ್ಸುಗಳನ್ನು ಆರಿಸುವಾಗ ಮುಖ್ಯ ವಿಷಯದತ್ತ ನೋಡಬೇಕು. ಮನೋವಿಜ್ಞಾನದ ವಿದ್ಯಾರ್ಥಿಗೆ ಬಾಲಾಪರಾಧ ಉತ್ತಮ ಆಯ್ಕೆ; ಹರೆಯದಲ್ಲಿ ಮಾತ್ರ ದಾರಿ ತಪ್ಪುವವರನ್ನೂ ಬದುಕಿನುದ್ದಕ್ಕೂ ಅದೇ ದಾರಿಯಲ್ಲಿ ಸಾಗುವ ಸಣ್ಣ ಗುಂಪನ್ನೂ ಬೇರ್ಪಡಿಸಿದ ಮನೋವಿಜ್ಞಾನಿ ಟೆರಿ ಮಾಫಿಟ್ ಅವರ 1993ರ ವಾದ ಅಲ್ಲಿ ಚರ್ಚೆಗೆ ಬರುತ್ತದೆ. ಭೂಗೋಳ ಅಥವಾ ನಗರ ಯೋಜನೆ ಓದುವವರು ಶಿಕಾಗೊ ನಗರದ ಬಗ್ಗೆ ಸಮಾಜಶಾಸ್ತ್ರಜ್ಞರಾದ ಶಾ ಮತ್ತು ಮೆಕೇ ನಡೆಸಿದ ಅಧ್ಯಯನವನ್ನು ಬಿಡಬಾರದು: ನಿವಾಸಿಗಳ ಮೂಲ ಬದಲಾಗುತ್ತ ಹೋದರೂ ಕೆಲವು ಬಡಾವಣೆಗಳಲ್ಲಿ ಬಾಲಾಪರಾಧದ ಪ್ರಮಾಣ ಹೆಚ್ಚಾಗಿಯೇ ಉಳಿದಿತ್ತೆಂಬುದನ್ನು ಅವರು ತೋರಿಸಿದರು. ಅರ್ಥಶಾಸ್ತ್ರದವರಿಗೆ, ಅಪರಾಧವನ್ನು ಲಾಭನಷ್ಟದ ಲೆಕ್ಕಾಚಾರವಾಗಿ ವಿವರಿಸಿದ ಗ್ಯಾರಿ ಬೆಕರ್ ಅವರ 1968ರ ಪ್ರಬಂಧ ಪರಿಚಿತವಾಗಿಯೇ ಇರುತ್ತದೆ. (ಸಮಾಜ ಒಬ್ಬರಿಗೆ ‘ಅಪರಾಧಿ’ ಎಂಬ ಪಟ್ಟಿ ಅಂಟಿಸುವುದಕ್ಕೆ ಒತ್ತು ಕೊಡುವ ಹಣೆಪಟ್ಟಿ ಸಿದ್ಧಾಂತದಲ್ಲಿ ಎದುರಾಗುವ ಸಮಾಜಶಾಸ್ತ್ರಜ್ಞ ಹೋವರ್ಡ್ ಬೆಕರ್ ಬೇರೆ ವ್ಯಕ್ತಿ, ಉತ್ತರಪತ್ರಿಕೆಯಲ್ಲಿ ಇಬ್ಬರನ್ನೂ ಒಂದಾಗಿಸಬೇಡಿ.) ಕಂಪ್ಯೂಟರ್ ವಿಜ್ಞಾನದವರಿಗಂತೂ ಇಲ್ಲಿ ಹೇರಳ ಕೆಲಸವಿದೆ. ಹಳೆಯ ಬಂಧನಗಳ ದತ್ತಾಂಶದಿಂದ ಮುಂದಿನ ಅಪರಾಧದ ಸ್ಥಳವನ್ನು ಊಹಿಸುವ ತಂತ್ರಾಂಶವು ಪೊಲೀಸರನ್ನು ಮೊದಲೇ ಹೆಚ್ಚು ಗಸ್ತಿದ್ದ ಬೀದಿಗಳಿಗೇ ಮತ್ತೆ ಕಳುಹಿಸಬಹುದು. ಅಲ್ಲಿ ಆಗುವ ಹೊಸ ಬಂಧನಗಳು ಆ ಊಹೆಯನ್ನೇ ಗಟ್ಟಿಗೊಳಿಸಬಹುದು.

ಸಿದ್ಧಾಂತಗಳನ್ನು ಹೆಸರು, ಇಸವಿಗಳ ಪಟ್ಟಿಯಾಗಿ ಬಾಯಿಪಾಠ ಮಾಡಿ ಫಲವಿಲ್ಲ. ಒಂದೇ ಘಟನೆಯನ್ನು ತೆಗೆದುಕೊಂಡು ಹಲವು ಸಿದ್ಧಾಂತಗಳನ್ನು ಅದಕ್ಕೆ ಅನ್ವಯಿಸಿ ನೋಡಬೇಕು. ಬೈಕ್ ಕಳವನ್ನೇ ಪರಿಗಣಿಸಿದರೆ, ಸಮಾಜಶಾಸ್ತ್ರಜ್ಞ ರಾಬರ್ಟ್ ಮೆರ್ಟನ್ ಅವರ ದಾರಿಯಲ್ಲಿ ಯೋಚಿಸುವವರು ಸಮಾಜ ಒಡ್ಡುವ ಆಸೆಗೂ ಅದನ್ನು ಈಡೇರಿಸಿಕೊಳ್ಳಲು ಸಿಗುವ ನ್ಯಾಯಮಾರ್ಗಕ್ಕೂ ಇರುವ ಅಂತರವನ್ನು ಕಾಣುತ್ತಾರೆ. ಇನ್ನೊಬ್ಬ ಸಮಾಜಶಾಸ್ತ್ರಜ್ಞ ಎಡ್ವಿನ್ ಸದರ್‌ಲ್ಯಾಂಡ್ ಅನುಯಾಯಿಗಳು ಕಳ್ಳತನವನ್ನು ಯಾರ ಸಹವಾಸದಲ್ಲಿ ಕಲಿತನೆಂದು ಕೇಳುತ್ತಾರೆ. ಕೊಹೆನ್ ಮತ್ತು ಫೆಲ್ಸನ್ 1979ರಲ್ಲಿ ಮಂಡಿಸಿದ ಸಿದ್ಧಾಂತವನ್ನು ಒಪ್ಪುವವರು, ಕದಿಯಲು ಸಿದ್ಧನಿದ್ದವನೂ ಕೈಗೆಟುಕುವ ಬೈಕೂ ಒಂದೆಡೆ ಸೇರಿದ ಹೊತ್ತಿನಲ್ಲಿ ಕಾಯುವವರು ಯಾರೂ ಇರಲಿಲ್ಲವೆಂಬುದಕ್ಕೆ ಒತ್ತು ಕೊಡುತ್ತಾರೆ. ಅವರವರ ವಿವರಣೆಯಿಂದ ಹೊರಡುವ ಪರಿಹಾರಗಳೂ ಬೇರೆಬೇರೆ: ಒಬ್ಬರದು ಉದ್ಯೋಗ, ಇನ್ನೊಬ್ಬರದು ಒಳ್ಳೆಯ ಒಡನಾಟ, ಮತ್ತೊಬ್ಬರದು ಗಟ್ಟಿ ಬೀಗ.

ಅಂತಿಮ ವರ್ಷದ ಪ್ರಬಂಧಕ್ಕೆ ಕೈದಿಗಳನ್ನೋ ಸಂತ್ರಸ್ತರನ್ನೋ ಸಂದರ್ಶಿಸುವ ಉತ್ಸಾಹ ಹಲವರಿಗಿರುತ್ತದೆ. ಅದಕ್ಕೆ ವಿಶ್ವವಿದ್ಯಾಲಯದ ಸಂಶೋಧನಾ ನೈತಿಕತೆಯ ಸಮಿತಿಯ ಒಪ್ಪಿಗೆಯ ಜೊತೆಗೆ ಸೆರೆಮನೆ ಆಡಳಿತದ ಅನುಮತಿಯೂ ಬೇಕಾಗಬಹುದು, ಮತ್ತು ಇವು ಒಂದು ಅವಧಿಯೊಳಗೆ ಸಿಗದೆಯೂ ಹೋಗಬಹುದು. ಮೈನರ್ ವಿದ್ಯಾರ್ಥಿಗೆ ಸಾರ್ವಜನಿಕ ದತ್ತಾಂಶ, ಪ್ರಕಟಿತ ತೀರ್ಪುಗಳು ಅಥವಾ ಪತ್ರಿಕಾ ವರದಿಗಳ ವಿಶ್ಲೇಷಣೆ ಹೆಚ್ಚು ಕಾರ್ಯಸಾಧ್ಯ. ಸಂದರ್ಶನವೇ ಅನಿವಾರ್ಯವಾದರೆ ಅರ್ಜಿಯನ್ನು ಹಿಂದಿನ ಅವಧಿಯಲ್ಲಿಯೇ ಸಲ್ಲಿಸಿ, ಅನುಮತಿ ಬಾರದಿದ್ದಲ್ಲಿ ದಾಖಲೆಗಳಿಂದಲೇ ಉತ್ತರಿಸಬಹುದಾದ ಬದಲಿ ಪ್ರಶ್ನೆಯೊಂದನ್ನು ಮಾರ್ಗದರ್ಶಕರೊಂದಿಗೆ ಚರ್ಚಿಸಿ ಸಿದ್ಧವಾಗಿಟ್ಟುಕೊಳ್ಳಿ.