ಡಿಫೆಂಡರ್‌ಗೆ ಬಾಯಿ ಜೋರಿರಬೇಕು

ಫುಟ್‌ಬಾಲ್‌ನಲ್ಲಿ ಡಿಫೆಂಡರ್ ಆಗಿ, ಅಂದರೆ ನಮ್ಮ ಗೋಲು ಕಾಯುವ ಸಾಲಿನಲ್ಲಿ ನಿಂತು, ನಾನು ಅಷ್ಟು ವರ್ಷ ಸಂಬಳ ಪಡೆದದ್ದು ಕಾಲಿನಿಂದ ಅಂತ ಜನ ತಿಳಿದಿದ್ದಾರೆ. ಅರ್ಧದಷ್ಟಾದರೂ ಬಾಯಿಯ ಲೆಕ್ಕಕ್ಕೆ ಹೋಗಬೇಕು. ಗೋಲ್‌ಕೀಪರ್ ಬಿಟ್ಟರೆ ಇಡೀ ಮೈದಾನ ಕಣ್ಣೆದುರಿಗೇ ಇರುವುದು ಡಿಫೆಂಡರ್‌ಗೆ ಮಾತ್ರ. ಕಂಡದ್ದನ್ನು ಹೇಳದಿದ್ದರೆ ಆ ಅನುಕೂಲ ಇದ್ದೂ ದಂಡ.

ಯುವ ತಂಡದಲ್ಲಿ ನಾನು ಮಿಡ್‌ಫೀಲ್ಡರ್, ಮೈದಾನದ ನಡುಭಾಗದ ಆಟಗಾರ. ರೈಟ್ ಬ್ಯಾಕ್, ಅಂದರೆ ಡಿಫೆನ್ಸ್ ಸಾಲಿನ ಬಲ ಅಂಚು ಕಾಯುವ ಹುಡುಗನಿಗೆ ಪೆಟ್ಟಾಯಿತು, ಕೋಚ್ ನನ್ನನ್ನು ಅಲ್ಲಿಗೆ ಹಾಕಿದರು, ಅಲ್ಲೇ ಉಳಿದುಬಿಟ್ಟೆ. ಎಷ್ಟೋ ಡಿಫೆಂಡರ್‌ಗಳ ಕಥೆ ಇದೇ. ಮೂವತ್ತು ದಾಟಿ ಓಟ ಕಡಿಮೆಯಾದಾಗ ಆ ಸಾಲಿನ ನಡುವೆ ನಿಲ್ಲುವ ಸೆಂಟರ್ ಬ್ಯಾಕ್ ಆದೆ. ಇದೂ ಹಳೇ ದಾರಿಯೇ. ಇಟಲಿಯ ಮಿಲಾನ್ ಕ್ಲಬ್ ಪರ 1985ರಿಂದ 2009ರವರೆಗೆ ಆಡಿದ ಪಾವೊಲೊ ಮಾಲ್ದೀನಿ ಕೂಡ ಲೆಫ್ಟ್ ಬ್ಯಾಕ್ ಆಗಿ ಹೆಸರು ಮಾಡಿ, ಆಮೇಲೆ ನಡುವಿಗೆ ಬಂದವರು. ಎತ್ತರ ಇಲ್ಲದಿದ್ದರೆ ಸೆಂಟರ್ ಬ್ಯಾಕ್ ಆಗೋಕಾಗಲ್ಲ ಅನ್ನುವವರಿಗೆ ನಾನು ಫಾಬಿಯೊ ಕನ್ನವಾರೊ ಹೆಸರು ಹೇಳುತ್ತಿದ್ದೆ. ಸುಮಾರು 1.76 ಮೀಟರ್ ಎತ್ತರ. 2006ರಲ್ಲಿ ಇಟಲಿಗೆ ನಾಯಕನಾಗಿ ವಿಶ್ವಕಪ್ ಗೆದ್ದರು, ಅದೇ ವರ್ಷ ಅತ್ಯುತ್ತಮ ಆಟಗಾರನಿಗೆ ಕೊಡುವ ಬ್ಯಾಲನ್ ಡಿ'ಓರ್ ಕೂಡ ಪಡೆದರು.

ರೈಟ್ ಬ್ಯಾಕ್ ಆಗಿದ್ದಾಗ ಕಲಿತ ದೊಡ್ಡ ಪಾಠ ಕಾಯುವುದು. ನನಗಿಂತ ವೇಗದ ವಿಂಗರ್, ಅಂದರೆ ಅಂಚಿನಲ್ಲಿ ನುಗ್ಗುವ ಎದುರಾಳಿ, ಚೆಂಡು ಹಿಡಿದು ಎದುರಿಗೆ ಬಂದಾಗ ನೆಟ್ಟಗೆ ನಿಂತರೆ ಕೆಟ್ಟೆ. ಮೈ ಓರೆ ಮಾಡಿ, ಒಂದು ಕಾಲು ಮುಂದೆ ಒಂದು ಹಿಂದೆ ಇಟ್ಟು, ಮಂಡಿ ಬಗ್ಗಿಸಿ, ಒಂದೆರಡು ತೋಳಿನಷ್ಟು ದೂರದಲ್ಲಿ ಸಣ್ಣ ಹೆಜ್ಜೆ ಇಡುತ್ತಾ ಹಿಂದೆ ಸರಿಯುತ್ತಿದ್ದೆ. ಅವನ ಭುಜ, ಸೊಂಟ ನೂರು ಸುಳ್ಳು ಹೇಳುತ್ತವೆ. ಚೆಂಡು ಸುಳ್ಳು ಹೇಳುವುದಿಲ್ಲ, ಕಣ್ಣು ಅದರ ಮೇಲೇ ಇರಬೇಕು. ಒಳಗಿನ ದಾರಿ ಮುಚ್ಚಿ ಸೈಡ್ ಲೈನ್ ಕಡೆಯ ದಾರಿ ಬಿಟ್ಟುಕೊಡುವುದು. ಅವನು ಚೆಂಡನ್ನು ಸ್ವಲ್ಪ ಉದ್ದ ತಳ್ಳಿದ ಕ್ಷಣ, ಅಂದರೆ ಚೆಂಡು ಅವನ ಕಾಲಿಗಿಂತ ನನ್ನ ಕಾಲಿಗೆ ಹತ್ತಿರ ಬಂದಾಗ, ಕಾಲು ಹಾಕುವುದು. ಆ ಕ್ಷಣ ಬರದಿದ್ದರೂ ಪರವಾಗಿಲ್ಲ. ಅವನನ್ನು ತಡೆದು ನಿಲ್ಲಿಸಿದಷ್ಟು ಹೊತ್ತಲ್ಲಿ ನಮ್ಮವರು ಮೂರು ಜನ ವಾಪಸ್ ಬಂದಿರುತ್ತಾರೆ. ನೆಲಕ್ಕೆ ಜಾರಿ ಹೊಡೆಯುವ ಟ್ಯಾಕಲ್‌ಗೆ ಚಪ್ಪಾಳೆ ಬೀಳುತ್ತದೆ ನಿಜ, ಆದರೆ ತಪ್ಪಿದರೆ ಎದ್ದು ಓಡುವಷ್ಟರಲ್ಲಿ ಚೆಂಡು ಗೋಲಿನ ಮುಂದಿನ ಬಾಕ್ಸ್ ಒಳಗೆ.

ಇನ್ನು ಬಾಯಿಯ ವಿಷಯ. ಕೂಗಾಡುವುದು ಬೇರೆ, ಮಾತಾಡುವುದು ಬೇರೆ. ಮೊದಲು ಹೆಸರು, ಆಮೇಲೆ ಒಂದೇ ಮಾತು. ಹೆಸರಿಲ್ಲದೆ 'ಬಾ ಬಾ' ಅಂದರೆ ಯಾರೂ ಬರುವುದಿಲ್ಲ, ಇಲ್ಲಾ ಇಬ್ಬರು ಬರುತ್ತಾರೆ. 'ಎಡಕ್ಕೆ' ಅಂತ ಹೇಳಲೇಬಾರದು. ನನಗೆ ಮುಖ ಮಾಡಿರುವವನಿಗೆ ಅದು ಯಾರ ಎಡ? 'ಒಳಗೆ', 'ಲೈನ್ ಕಡೆ' ಅಂದರೆ ಗೊಂದಲವಿಲ್ಲ. 'ಮ್ಯಾನ್ ಆನ್', ಅಂದರೆ ಎದುರಾಳಿ ನಿನ್ನ ಮೈಮೇಲೇ ಇದ್ದಾನೆ, ಅನ್ನುವುದು ಚೆಂಡು ದಾರಿಯಲ್ಲಿರುವಾಗ ಕೇಳಿಸಬೇಕು. ಕಾಲಿಗೆ ಸಿಕ್ಕ ಮೇಲೆ ಹೇಳಿದರೆ ಅದು ಬರೀ ಕಾಮೆಂಟರಿ. ದೊಡ್ಡ ಪಂದ್ಯಗಳಲ್ಲಿ ಪ್ರೇಕ್ಷಕರ ಗದ್ದಲಕ್ಕೆ ಪಕ್ಕದವನಿಗೂ ಏನೂ ಕೇಳಿಸದು. ಅದಕ್ಕೇ ಅಭ್ಯಾಸದಲ್ಲೇ ಗುರುತುಗಳನ್ನು ಮಾಡಿಕೊಂಡಿದ್ದೆವು. ಎದುರಾಳಿ ಹಿಂದಕ್ಕೆ ಪಾಸ್ ಕೊಟ್ಟರೆ ಡಿಫೆನ್ಸ್ ಸಾಲಿನ ನಾಲ್ವರೂ ಒಟ್ಟಿಗೆ ಮುಂದೆ. ಚೆಂಡಿರುವವನು ತಲೆ ಎತ್ತಿದ್ದಾನೆ, ಅವನ ಹತ್ತಿರ ನಮ್ಮವರು ಯಾರೂ ಇಲ್ಲ ಅಂದರೆ ಎಲ್ಲರೂ ಹಿಂದೆ. ಪಾಸ್ ಕೊಡುವ ಕ್ಷಣ ನಮ್ಮ ಸಾಲು ದಾಟಿ ಗೋಲಿನ ಕಡೆ ನಿಂತ ಎದುರಾಳಿ ಆಫ್‌ಸೈಡ್, ಆ ಪಾಸ್ ಅವನು ಆಡುವಂತಿಲ್ಲ. ಆದರೆ ನಾಲ್ವರಲ್ಲಿ ಒಬ್ಬ ಒಂದು ಹೆಜ್ಜೆ ಹಿಂದೆ ಉಳಿದರೂ ಸಾಕು, ಗೋಲು ಹೊಡೆಯಲು ಬಂದ ಸ್ಟ್ರೈಕರ್ ಆನ್‌ಸೈಡ್. 1990ರಿಂದ ಸಾಲಿಗೆ ಸರಿಸಮ ನಿಂತವನೂ ಆನ್‌ಸೈಡೇ, ಹಾಗಾಗಿ ಕೂದಲೆಳೆಯ ಲೆಕ್ಕ ನಮ್ಮ ಪಾಲಿಗೆ ಯಾವಾಗಲೂ ನಷ್ಟ.

ನಿಯಮಗಳ ಬಗ್ಗೆ ಇನ್ನೊಂದು ಮಾತು. ನಮ್ಮ ಕೆಲಸವನ್ನು ಕೋಚ್‌ಗಳಿಗಿಂತ ಜಾಸ್ತಿ ಬದಲಾಯಿಸಿದ್ದು ನಿಯಮ. 1992ರಲ್ಲಿ, ನಾವು ಬೇಕೆಂದೇ ಕಾಲಲ್ಲಿ ಕೊಟ್ಟ ಪಾಸನ್ನು ಗೋಲ್‌ಕೀಪರ್ ಕೈಯಲ್ಲಿ ಹಿಡಿಯುವಂತಿಲ್ಲ ಅಂತಾಯಿತು. ಡಿಫೆಂಡರ್‌ಗೂ ಚೆಂಡು ಆಡಲು ಬರಲೇಬೇಕು ಅನ್ನುವುದು ಅಲ್ಲಿಂದ ಶುರು. 2019ರಿಂದ, ನಮ್ಮ ಗೋಲಿನ ಬಳಿಯಿಂದ ಆಟ ಮತ್ತೆ ಶುರು ಮಾಡುವ ಗೋಲ್ ಕಿಕ್ ಬಾಕ್ಸ್‌ನಿಂದ ಆಚೆ ಹೋಗುವವರೆಗೆ ಕಾಯಬೇಕಿಲ್ಲ, ಒಳಗೇ ತೆಗೆದುಕೊಳ್ಳಬಹುದು. ನೋಡುವವರಿಗೆ ಚೆಂದ. ಎದುರಾಳಿ ಮೈಮೇಲೆ ಬರುವಾಗ ನಮ್ಮದೇ ಗೋಲಿನ ಮುಂದೆ ಪಾಸ್ ತೆಗೆದುಕೊಳ್ಳುವವನಿಗೆ ಅಷ್ಟೇನೂ ಚೆಂದವಲ್ಲ. 2016ರ ಬದಲಾವಣೆ ಮಾತ್ರ ನಮಗೆ ದಯೆ ತೋರಿಸಿತು. ಖಚಿತ ಗೋಲಿನ ಅವಕಾಶ ತಪ್ಪಿಸಿ ಪೆನಾಲ್ಟಿ ಕೊಟ್ಟರೂ, ಚೆಂಡಿಗೇ ಕಾಲು ಹಾಕಲು ಹೋಗಿದ್ದರೆ ಹಳದಿ ಕಾರ್ಡ್ ಸಾಕು. ಅಂಗಿ ಎಳೆದರೆ ಕೆಂಪೇ.

ಕೆಲಸ ಹುಡುಕುವಾಗ ಡಿಫೆಂಡರ್‌ಗೆ ಒಂದು ತಾಪತ್ರಯವಿದೆ. ಏಜೆಂಟ್ ಕ್ಲಬ್‌ಗಳಿಗೆ ಕಳಿಸುವ ವಿಡಿಯೊದಲ್ಲಿ ಸ್ಟ್ರೈಕರ್‌ನ ಗೋಲುಗಳು ಸಾಲಾಗಿ ಬರುತ್ತವೆ. ನನ್ನದರಲ್ಲಿ ಏನು ತೋರಿಸುವುದು? ಸರಿಯಾದ ಜಾಗದಲ್ಲಿ ನಿಂತಿದ್ದಕ್ಕೆ ಆ ಕಡೆ ಪಾಸೇ ಬರಲಿಲ್ಲ ಅನ್ನುವುದು ಕ್ಯಾಮೆರಾಗೆ ಸಿಗುವುದಿಲ್ಲ. ತಲೆಯಿಂದ ಚೆಂಡು ಹೊಡೆದ ಒಂದಷ್ಟು ಹೆಡರ್, ಒಂದಷ್ಟು ಟ್ಯಾಕಲ್ ಜೋಡಿಸಿ ಕಳಿಸುತ್ತಿದ್ದರು. ನನಗೆ ಒಳ್ಳೆಯ ಒಪ್ಪಂದ ಸಿಕ್ಕಿದ್ದೆಲ್ಲ ಯಾರಾದರೂ ಮೈದಾನಕ್ಕೇ ಬಂದು ತೊಂಬತ್ತು ನಿಮಿಷ ಕೂತು ನೋಡಿದಾಗ. ಕೊನೆಕೊನೆಗೆ ಒಂದೊಂದೇ ಸೀಸನ್‌ನ ಒಪ್ಪಂದ. ಫಿಫಾ ನಿಯಮದ ಪ್ರಕಾರ ಒಪ್ಪಂದ ಮುಗಿಯಲು ಆರು ತಿಂಗಳಿರುವಾಗಿನಿಂದ ಬೇರೆ ಕ್ಲಬ್ ಜೊತೆ ಸಹಿ ಮಾಡಬಹುದು. ವಯಸ್ಸಾದ ಆಟಗಾರನಿಗೆ ಆ ಆರು ತಿಂಗಳು ನಿದ್ದೆ ಕೆಡಿಸುವ ಕಾಲ. ಫೋನ್ ಬಂದರೂ ಚಿಂತೆ, ಬಾರದಿದ್ದರೂ ಚಿಂತೆ.

ಗಾಯಗಳ ಬಗ್ಗೆ ಜಾಸ್ತಿ ಹೇಳುವುದಿಲ್ಲ. ಮಂಡಿ, ಹಿಮ್ಮಡಿ, ಹುಬ್ಬಿನ ಮೇಲಿನ ಹೊಲಿಗೆ ಎಲ್ಲರಿಗೂ ಇದ್ದದ್ದೇ. ಆದರೆ ಹೆಡರ್ ವಿಷಯ ಹೇಳಲೇಬೇಕು. ನಾವು ಕಲಿಯುವಾಗ ಅಭ್ಯಾಸ ಮುಗಿದ ಮೇಲೂ ಒಬ್ಬ ಉದ್ದ ಒದೆಯುವುದು, ಇನ್ನೊಬ್ಬ ತಲೆ ಕೊಡುವುದು. ಯಾರೂ ಎಣಿಸುತ್ತಿರಲಿಲ್ಲ. 2019ರಲ್ಲಿ ಗ್ಲಾಸ್ಗೊದ ಸಂಶೋಧಕರು ಸ್ಕಾಟ್ಲೆಂಡಿನ ಮಾಜಿ ವೃತ್ತಿಪರ ಆಟಗಾರರ ದಾಖಲೆ ನೋಡಿದರು. ಮರೆವಿನ ಕಾಯಿಲೆಯಂಥ ಮಿದುಳು ಸವೆಯುವ ರೋಗಗಳಿಂದ ಸಾಯುವ ಸಂಭವ ಅವರಲ್ಲಿ ಸಾಮಾನ್ಯರಿಗಿಂತ ಸುಮಾರು ಮೂರೂವರೆ ಪಟ್ಟು ಹೆಚ್ಚಿತ್ತು. 2021ರಲ್ಲಿ ಆಡುವ ಜಾಗದ ಪ್ರಕಾರ ಬಿಡಿಸಿ ನೋಡಿದಾಗ ಇಂಥ ರೋಗಗಳ ಅಪಾಯ ಡಿಫೆಂಡರ್‌ಗಳಿಗೇ ಅತಿ ಹೆಚ್ಚು, ಸುಮಾರು ಐದು ಪಟ್ಟು. ಗೋಲ್‌ಕೀಪರ್‌ಗಳದ್ದು ಹೆಚ್ಚುಕಮ್ಮಿ ಸಾಮಾನ್ಯರಷ್ಟೇ. ಓದಿದ ದಿನ ಊಟ ರುಚಿಸಲಿಲ್ಲ. ಅದೇ ವರ್ಷ ಇಂಗ್ಲೆಂಡಿನಲ್ಲಿ ಅಭ್ಯಾಸದ ವೇಳೆ ವಾರಕ್ಕೆ ಹತ್ತಕ್ಕಿಂತ ಹೆಚ್ಚು ಜೋರು ಹೆಡರ್ ಬೇಡ ಅಂತ ಮಾರ್ಗಸೂಚಿ ಬಂತು. ಉದ್ದದ ಪಾಸ್, ಕ್ರಾಸ್, ಕಾರ್ನರ್‌ಗಳಿಂದ ಬರುವ ಚೆಂಡು ಈ ಲೆಕ್ಕಕ್ಕೆ ಸೇರುತ್ತದೆ.

ಈಗ ನಾನು ಹುಡುಗರಿಗೆ ಕಲಿಸುವಾಗ ಹೆಡರ್‌ನ ಮುಕ್ಕಾಲು ಪಾಲನ್ನು ಚೆಂಡಿಲ್ಲದೆ, ಇಲ್ಲವೇ ಹಗುರ ಚೆಂಡಿನಲ್ಲಿ ಮಾಡಿಸುತ್ತೇನೆ. ಚೆಂಡು ಎಲ್ಲಿ ಬೀಳುತ್ತದೆ ಅಂತ ಅಂದಾಜು ಮಾಡುವುದು, ಒಂದೇ ಕಾಲಲ್ಲಿ ಹಾರುವುದು, ಕುತ್ತಿಗೆ ಗಟ್ಟಿ ಮಾಡಿ ಹಣೆ ಕೊಡುವುದು. ಹಿರಿಯರ ತಂಡದಲ್ಲಿ ಯಾರು ಎಷ್ಟು ಹೆಡರ್ ಮಾಡಿದರು ಅಂತ ಬರೆದಿಡಲು ಒಬ್ಬನನ್ನು ಪಕ್ಕದಲ್ಲಿ ಕೂರಿಸುತ್ತೇನೆ. ಲೆಕ್ಕ ಮುಗಿದವನು ಇನ್ನೊಂದು ಅಂತ ಗೋಗರೆದರೂ ಬಿಡುವುದಿಲ್ಲ. ಬೈದುಕೊಳ್ಳುತ್ತಾನೆ, ಬೈದುಕೊಳ್ಳಲಿ.