ಕಿಟಕಿ ಹಿಡಿ ಬದಲಿಸುವ ಕೆಲಸ, ಕೊಡಗಿನ ಮಳೆಗೆ ತಕ್ಕ ಹಾಗೆ

ಕೊಡಗಿನಲ್ಲಿ ಕಿಟಕಿ ಹಿಡಿ ಕೈಗೆ ಬರುವುದು ಹೆಚ್ಚಾಗಿ ಜೂನ್‌ನಿಂದ ಸೆಪ್ಟೆಂಬರ್ ಒಳಗೆ. ಮಳೆಗೆ ಮರ ಉಬ್ಬುತ್ತದೆ, ಕಿಟಕಿಯ ಬಾಗಿಲು ಚೌಕಟ್ಟಿಗೆ ಕಚ್ಚಿಕೊಳ್ಳುತ್ತದೆ, ಹಿಡಿ ಹಿಡಿದು ಜಗ್ಗಿದಾಗ ಸ್ಕ್ರೂ ಕಿತ್ತು ಬರುತ್ತದೆ ಇಲ್ಲವೇ ಹಿಡಿಯೇ ತುಂಡಾಗುತ್ತದೆ. ಹೊಸದನ್ನು ತಂದು ಅದೇ ತೂತಿಗೆ ಅದೇ ಅಳತೆಯ ಸ್ಕ್ರೂ ಬಿಗಿದರೆ ಮುಂದಿನ ಕಕ್ಕಡದ (ಜುಲೈ–ಆಗಸ್ಟ್‌ನಲ್ಲಿ ಬರುವ ಕೊಡವ ತಿಂಗಳು) ಮಳೆಗೆ ಅದರ ಗತಿಯೂ ಅಷ್ಟೇ. ಆದ್ದರಿಂದ ಸ್ಕ್ರೂಡ್ರೈವರ್ ಕೈಗೆತ್ತಿಕೊಳ್ಳುವ ಮೊದಲು, ಹಿಡಿಗೆ ಅಷ್ಟು ಬಲ ಬೀಳಲು ಕಾರಣ ಏನೆಂದು ನೋಡಿಕೊಳ್ಳಬೇಕು.

ಬಾಗಿಲನ್ನು ಅರ್ಧ ತೆರೆದು, ಹಿಡಿ ಇರುವ ಬದಿಯನ್ನು ಕೆಳಗಿನಿಂದ ಮೇಲಕ್ಕೆ ಎತ್ತಿ ನೋಡಿ. ಅಲುಗಾಡಿದರೆ ಹಿಂಜ್ ಸಡಿಲಾಗಿದೆ, ಬಾಗಿಲು ಜೋತುಬಿದ್ದಿದೆ ಎಂದರ್ಥ. ಹಾಗಿದ್ದರೆ ಮೊದಲು ಹಿಂಜ್ ಸ್ಕ್ರೂಗಳನ್ನು ಬಿಗಿಯಿರಿ. ಬಿಗಿಯಾಗದೆ ಸುಮ್ಮನೆ ತಿರುಗುತ್ತಿದ್ದರೆ, ಚೌಕಟ್ಟಿನ ಬದಿಗೆ ಅದೇ ದಪ್ಪದ, ಒಂದೂವರೆ ಇಂಚು ಉದ್ದದ ಸ್ಕ್ರೂ ಹಾಕಿ. ಅಲುಗಾಟ ಇಲ್ಲ, ಆದರೂ ಬಾಗಿಲು ಉಜ್ಜುತ್ತದೆ ಎಂದಾದರೆ ಅದು ಮರದ ಉಬ್ಬು. ಬಾಗಿಲಿನ ಅಂಚಿಗೆ ಸೀಮೆಸುಣ್ಣ ಸವರಿ ಒಮ್ಮೆ ಮುಚ್ಚಿ ತೆರೆಯಿರಿ. ಸುಣ್ಣ ಅಳಿಸಿಹೋದ ಜಾಗವೇ ಉಜ್ಜುವ ಜಾಗ. ಅಲ್ಲಿ ಪೆನ್ಸಿಲ್ ಗುರುತು ಹಾಕಿಡಿ.

ಗುರುತು ಹಾಕುವುದು ಮಳೆಯಲ್ಲಿ, ಉಜ್ಜುಗೊರಡು ಹಿಡಿಯುವುದು ಬೇಸಿಗೆಯಲ್ಲಿ. ಜುಲೈ ತಿಂಗಳಲ್ಲಿ ಉಬ್ಬಿದ ಮರವನ್ನು ಸರಾಗ ಮುಚ್ಚುವಷ್ಟು ಕೆತ್ತಿದರೆ, ಫೆಬ್ರವರಿಯಲ್ಲಿ ಅದು ಕುಗ್ಗಿ ಸಂದಿನಿಂದ ಚಳಿಗಾಳಿ ಒಳಬರುತ್ತದೆ. ಮಳೆಗಾಲದಲ್ಲಿ ಅಂಚಿಗೆ ಮೇಣದಬತ್ತಿ ಉಜ್ಜಿ ಕಾಲ ಕಳೆಯಿರಿ. ಕಾಫಿ ಕೊಯ್ಲು ಮುಗಿದು ಮರ ಒಣಗಿದ ಮೇಲೆ ಗುರುತು ಹಾಕಿದ ಕಡೆ ಒಂದರಿಂದ ಒಂದೂವರೆ ಮಿಲಿಮೀಟರ್ ಮಾತ್ರ ತೆಗೆಯಿರಿ. ತೆಗೆದ ಜಾಗಕ್ಕೆ ಮತ್ತು ಬಾಗಿಲಿನ ಕೆಳಅಂಚಿಗೆ ಎರಡು ಕೈ ಬಣ್ಣವನ್ನೋ ವಾರ್ನಿಶನ್ನೋ ಹಚ್ಚಿ. ಕೆಳಅಂಚು ಕಣ್ಣಿಗೆ ಬೀಳುವುದಿಲ್ಲವೆಂದು ಬಣ್ಣ ಬಳಿಯುವವರು ಬಿಟ್ಟುಬಿಡುವುದೇ ಹೆಚ್ಚು. ಆದರೆ ಮರ ನೀರು ಕುಡಿಯುವುದು ಅಲ್ಲಿಂದಲೇ.

ಅಂಗಡಿಗೆ ಹೋಗುವ ಮುನ್ನ

ಹಳೆಯ ಹಿಡಿಯನ್ನೂ ಅದರ ಒಂದು ಸ್ಕ್ರೂವನ್ನೂ ಜೊತೆಗೆ ಒಯ್ಯಿರಿ. ‘ನಾಲ್ಕಿಂಚಿನ ಹಿಡಿ’ ಎಂದು ಕೇಳಿದರೆ ಒಂದು ಅಂಗಡಿಯಲ್ಲಿ ಒಟ್ಟು ಉದ್ದ ನಾಲ್ಕಿಂಚು ಇರುವುದನ್ನು ಕೊಡುತ್ತಾರೆ, ಇನ್ನೊಂದರಲ್ಲಿ ತೂತಿನಿಂದ ತೂತಿಗೆ ನಾಲ್ಕಿಂಚು ಇರುವುದನ್ನು. ನಿಮಗೆ ಬೇಕಾದ ಅಳತೆ ಒಂದು ತೂತಿನ ನಡುವಿನಿಂದ ಇನ್ನೊಂದು ತೂತಿನ ನಡುವಿಗೆ ಇರುವ ದೂರ. ಅದು ಹೊಂದಿದರೆ ಹಳೆಯ ಗುರುತೂ ಮುಚ್ಚುತ್ತದೆ, ಹೊಸ ತೂತು ಕೊರೆಯುವ ಕೆಲಸವೂ ಉಳಿಯುತ್ತದೆ.

ಕಬ್ಬಿಣದ ಸರಳು ಇರುವ ಕಿಟಕಿಗೆ ಇನ್ನೊಂದು ಅಳತೆ ಬೇಕು. ಬಾಗಿಲು ಮುಚ್ಚಿದಾಗ ಅದರ ಮೈಯಿಂದ ಸರಳಿಗೆ ಎಷ್ಟು ಜಾಗ ಇದೆ ಎಂದು ಸ್ಕೇಲ್ ಇಟ್ಟು ನೋಡಿ. ಹಿಡಿ ಮೈಯಿಂದ 35–40 ಮಿ.ಮೀ. ಎದ್ದು ನಿಂತು, ಸರಳು 50 ಮಿ.ಮೀ. ದೂರದಲ್ಲೇ ಇದ್ದರೆ, ಮುಚ್ಚುವಾಗಲೆಲ್ಲ ಬೆರಳಗಂಟು ಸರಳಿಗೆ ಬಡಿಯುತ್ತದೆ. ಅಂಥ ಕಡೆ ಚಪ್ಪಟೆ ಹಿಡಿ ಅಥವಾ ಚಿಕ್ಕ ಗುಂಡಿಯೇ ಸರಿ.

ಯಾವ ಲೋಹ? ಮಡಿಕೇರಿ, ಭಾಗಮಂಡಲ, ನಾಪೋಕ್ಲು ಕಡೆಯ ತೇವಕ್ಕೆ ಹಿತ್ತಾಳೆ ಇಲ್ಲವೇ 304 ದರ್ಜೆಯ ಸ್ಟೇನ್‌ಲೆಸ್ ಸ್ಟೀಲ್ ತಾಳುತ್ತದೆ. ಮೇಲೆ ಹಿತ್ತಾಳೆ ಬಣ್ಣದ ಲೇಪವಿರುವ ಕಬ್ಬಿಣದ ಹಿಡಿ ಗೀರು ಬಿದ್ದ ಜಾಗದಿಂದಲೇ ತುಕ್ಕು ಹಿಡಿಯುತ್ತದೆ. ಒಂದು ಚಿಕ್ಕ ಅಯಸ್ಕಾಂತ ಜೇಬಿನಲ್ಲಿರಲಿ. ಗಟ್ಟಿಯಾಗಿ ಅಂಟಿಕೊಂಡರೆ ಅದು ಹಿತ್ತಾಳೆಯೂ ಅಲ್ಲ, 304 ದರ್ಜೆಯೂ ಅಲ್ಲ. ಅಂಟದಿದ್ದ ಮಾತ್ರಕ್ಕೆ 304 ಎಂದು ನಂಬುವ ಹಾಗಿಲ್ಲ. ಕಡಿಮೆ ದರ್ಜೆಯ 202ಕ್ಕೂ ಅಯಸ್ಕಾಂತ ಹಿಡಿಯುವುದಿಲ್ಲ, ಆದರೆ ಅದು ತೇವಕ್ಕೆ ಬೇಗ ಕಲೆಗಟ್ಟುತ್ತದೆ. ಬಿಲ್ಲಿನಲ್ಲಿ ದರ್ಜೆ ಬರೆಸಿಕೊಳ್ಳಿ. ಜಿಂಕ್ ಮಿಶ್ರಲೋಹದ ಎರಕದ ಹಿಡಿ ನೋಡಲು ಚೆಂದ, ಬಗ್ಗುವ ಗುಣ ಇಲ್ಲ. ಜಗ್ಗಿದರೆ ಕುತ್ತಿಗೆಯಲ್ಲಿ ಪಟ್ಟೆಂದು ಮುರಿಯುತ್ತದೆ. ಉಬ್ಬುವ ಬಾಗಿಲಿಗೆ ಅದು ಬೇಡ.

ಹಿಡಿಗೆ ಕೊಟ್ಟಷ್ಟೇ ಗಮನ ಸ್ಕ್ರೂಗೂ ಕೊಡಿ. ತೇಗದಂಥ ಮರದಲ್ಲಿರುವ ಒಗರಿನ ಅಂಶ ತೇವದ ಜೊತೆ ಸೇರಿ ಕಬ್ಬಿಣವನ್ನು ತಿನ್ನುತ್ತದೆ. ಸ್ಕ್ರೂ ಸುತ್ತ ಮರ ಕಪ್ಪಾಗಿರುವುದು ಅದರಿಂದಲೇ. ಹಿತ್ತಾಳೆ ಹಿಡಿಗೆ ಹಿತ್ತಾಳೆ ಸ್ಕ್ರೂ, ಸ್ಟೀಲ್ ಹಿಡಿಗೆ ಸ್ಟೇನ್‌ಲೆಸ್ ಸ್ಕ್ರೂ. ಒಂದು ಹಿಡಿಗೆ ಸಾಮಾನ್ಯವಾಗಿ 6ನೇ ನಂಬರಿನ ಮುಕ್ಕಾಲು ಅಥವಾ ಒಂದಿಂಚಿನ ಎರಡರಿಂದ ನಾಲ್ಕು ಸ್ಕ್ರೂ ಸಾಕು. ಬಾಗಿಲಿನ ದಪ್ಪಕ್ಕಿಂತ ಕನಿಷ್ಠ 5 ಮಿ.ಮೀ. ಗಿಡ್ಡವಿರಲಿ. ತುದಿ ಆಚೆ ಬದಿಗೆ ಇಣುಕಿದರೆ ಅಲ್ಲಿಂದ ನೀರು ಒಳಗಿಳಿಯುತ್ತದೆ.

ಐನ್‌ಮನೆಯ (ಕೊಡವ ಕುಟುಂಬದ ಮೂಲಮನೆ) ಅಥವಾ ಹಳೆಯ ತೋಟದ ಬಂಗಲೆಯ ಹಿತ್ತಾಳೆ ಹಿಡಿ ಕಪ್ಪಾಗಿದೆ ಎಂಬ ಕಾರಣಕ್ಕೆ ಬದಲಿಸಬೇಡಿ. ಆ ತೂಕದ ಎರಕ ಈಗ ಸುಲಭಕ್ಕೆ ಸಿಗುವುದಿಲ್ಲ. ಬಿಚ್ಚಿ, ಹುಣಸೆಹಣ್ಣು ಉಪ್ಪಿನಲ್ಲಿ ಉಜ್ಜಿ, ಚೆನ್ನಾಗಿ ತೊಳೆದು ಕೂಡಲೇ ಒರೆಸಿ ಒಣಗಿಸಿ. ಹುಳಿ ಉಳಿದರೆ ಹಸಿರು ಕಲೆ ಏಳುತ್ತದೆ. ಬಹಳ ಸಲ ಹಾಳಾಗಿರುವುದು ಸ್ಕ್ರೂ ಮಾತ್ರ, ಹಿಡಿ ಇನ್ನೂ ಒಂದು ತಲೆಮಾರು ಬರುತ್ತದೆ.

ಮರದ ಕಿಟಕಿ

ಹೊರಕ್ಕೆ ತೆರೆಯುವ, ಒಳಗೆ ಸರಳಿರುವ ಕಿಟಕಿಯಾದರೆ ಸರಳಿನ ನಡುವೆ ಕೈ ತೂರಿಸಿ ಸ್ಕ್ರೂ ತಿರುಗಿಸುವ ಸಾಹಸ ಬೇಡ. ಬಾಗಿಲನ್ನು ಪೂರ್ತಿ ತೆರೆದು ಗೋಡೆಗೆ ಒರಗಿಸಿದರೆ ಒಳಮೈ ಹೊರಗಿನವರ ಕಡೆಗೆ ತಿರುಗುತ್ತದೆ. ನೆಲಮಟ್ಟದ ಕಿಟಕಿಗೆ ಹೊರಗೆ ನಿಂತೇ ಕೆಲಸ ಮಾಡಬಹುದು. ಗಾಳಿಗೆ ಬಡಿಯದಂತೆ ಬಾಗಿಲನ್ನು ಹಗ್ಗದಿಂದ ಕಟ್ಟಿಕೊಳ್ಳಿ. ಮಹಡಿಯಲ್ಲಾದರೆ ಗಿಡ್ಡ ಸ್ಕ್ರೂಡ್ರೈವರ್ ಬಳಸಿ ಒಳಗಿನಿಂದ ಆದಷ್ಟೇ ಮಾಡಿ. ಆಗದಿದ್ದರೆ ಬಡಗಿಯನ್ನು ಕರೆಸಿ. ಪಾಚಿ ಕಟ್ಟಿದ ಕಲ್ಲಿನ ಮೇಲೆ ಏಣಿ ಇಟ್ಟು ಹತ್ತಬೇಡಿ.

ಹಳೆಯ ಸ್ಕ್ರೂವಿನ ಗೀಟು ಬಣ್ಣದಿಂದ ತುಂಬಿರುತ್ತದೆ. ಚೂಪಾದ ಮೊಳೆಯಿಂದ ಅದನ್ನು ಕೆರೆದು ಶುದ್ಧ ಮಾಡಿ, ತುಕ್ಕು ಬಿಡಿಸುವ ಎಣ್ಣೆ ಎರಡು ಹನಿ ಬಿಟ್ಟು ಅರ್ಧ ಗಂಟೆ ಕಾಯಿರಿ. ಗೀಟಿನ ಅಗಲಕ್ಕೆ ಸರಿಯಾಗಿ ಕೂರುವ ಸ್ಕ್ರೂಡ್ರೈವರ್ ಇಟ್ಟು, ಮೊದಲು ಕೂದಲೆಳೆಯಷ್ಟು ಬಿಗಿಯುವ ಕಡೆಗೆ ತಿರುಗಿಸಿ, ಆಮೇಲೆ ಬಿಚ್ಚುವ ಕಡೆಗೆ. ತುಕ್ಕಿನ ಹಿಡಿತ ಬಿಡುವುದು ಆ ಮೊದಲ ಅಲುಗಾಟಕ್ಕೆ. ಜಗ್ಗದಿದ್ದರೆ ಬಿಸಿ ಸೋಲ್ಡರಿಂಗ್ ಕಡ್ಡಿಯ ತುದಿಯನ್ನು ಸ್ಕ್ರೂ ತಲೆಗೆ ಎರಡು ನಿಮಿಷ ಹಿಡಿದು, ಆರಿದ ಮೇಲೆ ಮತ್ತೆ ನೋಡಿ. ಕಾಯಿಸುವ ಮುನ್ನ ಎಣ್ಣೆಯನ್ನು ಪೂರ್ತಿ ಒರೆಸಿರಬೇಕು. ತಲೆಯೇ ಸವೆದುಹೋಗಿದ್ದರೆ 5 ಮಿ.ಮೀ. ಬಿಟ್‌ನಿಂದ ತಲೆಯನ್ನು ಕೊರೆದು ಹಾರಿಸಿ. ಹಿಡಿ ಕಳಚಿಕೊಳ್ಳುತ್ತದೆ, ಉಳಿದ ಮೊಂಡನ್ನು ಇಕ್ಕುಳದಲ್ಲಿ ಹಿಡಿದು ತಿರುಗಿಸಿ ತೆಗೆಯಿರಿ.

ಈಗ ತೂತು. ಈ ಕೆಲಸದಲ್ಲಿ ಹೆಚ್ಚು ಜನ ಎಡವುವುದು ಇಲ್ಲಿಯೇ. ಸಡಿಲಾದ ತೂತಿಗೆ ಬೆಂಕಿಕಡ್ಡಿ ತುರುಕಿ ಸ್ಕ್ರೂ ಬಿಗಿದರೆ ಆ ದಿನಕ್ಕೆ ಗಟ್ಟಿ ಅನ್ನಿಸುತ್ತದೆ, ಮೆದುಮರದ ಕಡ್ಡಿ ತೇವಕ್ಕೆ ಕೊಳೆತು ಮತ್ತೆ ಸಡಿಲಾಗುತ್ತದೆ. ಹಳೆ ತೂತನ್ನು 6 ಮಿ.ಮೀ. ಬಿಟ್‌ನಿಂದ, ಬಾಗಿಲಿನ ಅರ್ಧ ದಪ್ಪಕ್ಕೆ ಸ್ವಲ್ಪ ಹೆಚ್ಚು ಆಳಕ್ಕೆ ಕೊರೆದು ಕಪ್ಪು ಪುಡಿಯನ್ನೆಲ್ಲ ಊದಿ ತೆಗೆಯಿರಿ. ಬಿಟ್‌ಗೆ ಟೇಪ್ ಸುತ್ತಿ ಆಳದ ಗುರುತು ಮಾಡಿಕೊಂಡರೆ ಆಚೆ ಬದಿಗೆ ತೂತಾಗುವುದಿಲ್ಲ. ಚೆನ್ನಾಗಿ ಒಣಗಿದ ಗಟ್ಟಿ ಮರದ ಕಡ್ಡಿಯನ್ನು 6 ಮಿ.ಮೀ. ದಪ್ಪಕ್ಕೆ ಕೆತ್ತಿ, ನೀರು ತಾಳುವ ಮರದ ಅಂಟು ಹಚ್ಚಿ (ಫೆವಿಕಾಲ್ ಮೆರೈನ್ ಅಥವಾ ಅರಾಲ್ಡೈಟ್, ಬಿಳಿಯ ಸಾದಾ ಫೆವಿಕಾಲ್ ನೀರಿಗೆ ಬಿಡುತ್ತದೆ) ಸುತ್ತಿಗೆಯಿಂದ ಮೆಲ್ಲಗೆ ಬಡಿದು ಕೂರಿಸಿ. 24 ಗಂಟೆ ಮುಟ್ಟಬೇಡಿ. ಮಳೆ ಹಿಡಿದ ದಿನಗಳಲ್ಲಾದರೆ ಎರಡು ದಿನ ಕೊಡಿ. ಆಮೇಲೆ ಹೆಚ್ಚಿದ್ದುದನ್ನು ಕತ್ತರಿಸಿ ಸಮ ಮಾಡಿ.

ಹಿಡಿಯನ್ನು ಜಾಗದಲ್ಲಿಟ್ಟು ತೂತಿನ ನಡುವೆ ಗುರುತು ಮಾಡಿ. 6ನೇ ನಂಬರ್ ಸ್ಕ್ರೂವಿಗೆ ತೇಗ, ಹಲಸಿನಂಥ ಮರದಲ್ಲಿ 2.5 ಮಿ.ಮೀ. ತೂತು, ಮೆದುಮರದಲ್ಲಿ 2 ಮಿ.ಮೀ. ಸಾಕು. ಕರೆಂಟ್ ಇಲ್ಲದ ದಿನ ಕೈ ಡ್ರಿಲ್‌ನಲ್ಲೂ ಇದಾಗುತ್ತದೆ. ಹಿತ್ತಾಳೆ ಸ್ಕ್ರೂ ಮೆದು, ಗಟ್ಟಿ ಮರಕ್ಕೆ ನೇರವಾಗಿ ತಿರುಗಿಸಿದರೆ ಕುತ್ತಿಗೆ ಕತ್ತರಿಸಿ ಅರ್ಧ ಒಳಗೇ ಉಳಿಯುತ್ತದೆ. ಅದೇ ಅಳತೆಯ ಸ್ಟೀಲ್ ಸ್ಕ್ರೂ ಒಂದನ್ನು ಮೊದಲು ಹಾಕಿ ತೆಗೆದು ದಾರಿ ಮಾಡಿಕೊಂಡು, ನಂತರ ಹಿತ್ತಾಳೆಯದಕ್ಕೆ ಮೇಣ ಸವರಿ ಹಾಕಿ. ಸೋಪು ಹಚ್ಚುವ ರೂಢಿ ಇದೆ, ಆದರೆ ಅದು ತೇವ ಎಳೆಯುತ್ತದೆ. ಎರಡೂ ಸ್ಕ್ರೂಗಳನ್ನು ಮುಕ್ಕಾಲು ಭಾಗ ತಿರುಗಿಸಿ, ಹಿಡಿ ನೇರವಾಗಿದೆಯೇ ನೋಡಿ, ಕೊನೆಯ ಸುತ್ತು ಕೈಯಿಂದಲೇ ಬಿಗಿಯಿರಿ.

ಹಿಡಿ ಹಾಕಿದ ಕೈಗೆ ಚಿಲಕವನ್ನೂ ನೋಡಿಬಿಡಿ. ಟವರ್ ಬೋಲ್ಟಿನ ಕಡ್ಡಿ ಚೌಕಟ್ಟಿನ ತೂತಿಗೆ ನೇರ ಇಳಿಯದಿದ್ದರೆ ಜನ ಹಿಡಿಯನ್ನೇ ಮೀಟುಗೋಲು ಮಾಡಿ ಬಾಗಿಲೆತ್ತುತ್ತಾರೆ. ಬೇಸಿಗೆಯಲ್ಲಿ ಬೋಲ್ಟ್ ಕೂರಿಸುವಾಗ ಚೌಕಟ್ಟಿನ ತೂತನ್ನು ಬಾಗಿಲು ಉಬ್ಬುವ ದಿಕ್ಕಿಗೆ 2 ಮಿ.ಮೀ. ಉದ್ದುದ್ದವಾಗಿ ಬಿಡಿಸಿ. ಮರ ಉಬ್ಬುವುದು ಎಳೆಗೆ ಅಡ್ಡಲಾಗಿ, ಉದ್ದಕ್ಕೆ ಅಲ್ಲ. ನಿಂತ ಪಟ್ಟಿಗಳ ಅಗಲ ಹೆಚ್ಚಿ ಬೋಲ್ಟ್ ಪಕ್ಕಕ್ಕೆ ಸರಿಯುವುದರಿಂದ ಆ ಎರಡು ಮಿಲಿಮೀಟರ್ ಬೇಕೇ ಬೇಕು. ಗಾಳಿಗೆ ಬಾಗಿಲು ತಡೆಯುವ ಕೊಕ್ಕೆ ಸವೆದಿದ್ದರೆ ಅದನ್ನೂ ಈಗಲೇ ಬದಲಿಸಿ.

ಯುಪಿವಿಸಿ ಕಿಟಕಿ

ಯುಪಿವಿಸಿ ಎಂದರೆ ಒಂದು ಬಗೆಯ ಗಟ್ಟಿ ಪ್ಲಾಸ್ಟಿಕ್. ಹೊಸ ಮನೆ, ಹೋಂಸ್ಟೇಗಳಲ್ಲಿ ಈಗ ಇದೇ ಹೆಚ್ಚು. ಇಲ್ಲಿ ಹಿಡಿ ಎಳೆಯಲಿಕ್ಕಲ್ಲ, ಬಾಗಿಲನ್ನು ಚೌಕಟ್ಟಿಗೆ ಬಿಗಿಯುವ ಒಳಗಿನ ಗೇರ್ ತಿರುಗಿಸಲಿಕ್ಕೆ. ತಿರುಗಿಸುವ ಹಿಡಿಯನ್ನು ಅಡ್ಡಕ್ಕೆ ತನ್ನಿ, ಬುಡದ ಮುಚ್ಚಳವನ್ನು ತುಸು ಎತ್ತಿ ಪಕ್ಕಕ್ಕೆ ತಿರುಗಿಸಿ. ಎರಡು ಸ್ಕ್ರೂ ಕಾಣುತ್ತವೆ. ಬಿಚ್ಚಿ ಹಿಡಿಯನ್ನು ನೇರ ಹೊರಗೆಳೆದರೆ ಹಿಂದೆ ಚೌಕನೆಯ ಕಡ್ಡಿ ಇರುತ್ತದೆ. ಬಹುಪಾಲು ಹಿಡಿಗಳಲ್ಲಿ ಸ್ಕ್ರೂಗಳ ನಡುವಿನ ದೂರ 43 ಮಿ.ಮೀ., ಕಡ್ಡಿಯ ದಪ್ಪ 7 ಮಿ.ಮೀ. ಬದಲಾಗುವುದು ಕಡ್ಡಿಯ ಉದ್ದ. ಬುಡದ ತಟ್ಟೆಯಿಂದ ತುದಿಯವರೆಗೆ ಅಳೆಯಿರಿ. ಉದ್ದ ಹೆಚ್ಚಿದ್ದರೆ ಹ್ಯಾಕ್ಸಾದಲ್ಲಿ ಕತ್ತರಿಸಿ ಅರ ಹಾಕಬಹುದು, ಕಡಿಮೆಯಿದ್ದರೆ ಉಪಾಯವಿಲ್ಲ. ಗಿಡ್ಡ ಕಡ್ಡಿ ಗೇರ್‌ನ ತುದಿಯನ್ನಷ್ಟೇ ಹಿಡಿದು ಅದನ್ನೂ ಸವೆಸುತ್ತದೆ. ಕೆಲವು ಹಿಡಿಗಳಲ್ಲಿ ಚೌಕ ಕಡ್ಡಿಯ ಬದಲು ಕವಲಿನಂತೆ ಎರಡು ಹಲ್ಲು ಇರುತ್ತವೆ. ಒಂದರ ಬದಲು ಇನ್ನೊಂದು ಕೂರುವುದಿಲ್ಲ. ಸ್ಥಳೀಯ ಅಂಗಡಿಯಲ್ಲಿ ಸಿಗದಿದ್ದರೆ ಕುಶಾಲನಗರ, ಮೈಸೂರಿನ ಕಡೆ ಹೋಗುವವರ ಕೈಗೆ ಹಳೆಯದನ್ನೇ ಕೊಟ್ಟು ಕಳಿಸಿ. ಫೋಟೊದಲ್ಲಿ ಮಿಲಿಮೀಟರ್ ತಿಳಿಯುವುದಿಲ್ಲ.

ಹೊಸದನ್ನು ಹಾಕುವ ಮೊದಲು ಒಂದು ಪರೀಕ್ಷೆ. ಕಿಟಕಿ ತೆರೆದಿರುವಾಗ ಹಳೆಯ ಹಿಡಿಯನ್ನೋ ಅದರ ಕಡ್ಡಿಯನ್ನೋ ಗೇರ್‌ಗೆ ತೂರಿಸಿ ತಿರುಗಿಸಿ. ಸರಾಗ ತಿರುಗಿದರೆ ಗೇರ್ ಚೆನ್ನಾಗಿದೆ. ತೆರೆದಾಗಲೂ ಗಡುಸಾಗಿದ್ದರೆ ಗೇರ್ ಕೆಟ್ಟಿದೆ, ಹಿಡಿ ಬದಲಿಸಿ ಪ್ರಯೋಜನವಿಲ್ಲ. ತೆರೆದಾಗ ಹಗುರ, ಮುಚ್ಚಿದಾಗ ಗಡುಸು ಎಂದರೆ ಬಾಗಿಲು ಜೋತು, ಚೌಕಟ್ಟಿನ ಕೊಂಡಿಗೆ ಗೇರ್ ಹೊಂದುತ್ತಿಲ್ಲ. ಹಿಂಜನ್ನು ಇಲ್ಲವೇ ಕೊಂಡಿಯನ್ನು ಸರಿಪಡಿಸಿ. ಸ್ಕ್ರೂ ಬಿಗಿಯಲು ಡ್ರಿಲ್ ಯಂತ್ರ ಬೇಡ. ಅತಿಯಾಗಿ ಬಿಗಿದರೆ ಬುಡ ಬಾಗಿ ಹಿಡಿ ತಿರುಗುವುದೇ ಇಲ್ಲ. ಅರ್ಧ ಸುತ್ತು ಸಡಿಲಿಸಿದರೆ ಸರಿಹೋಗುತ್ತದೆ. ಬೀಗವಿರುವ ಹಿಡಿ ಹಾಕಿದರೆ ಕೀಲಿಯನ್ನು ಅದೇ ಕೋಣೆಯಲ್ಲಿ, ಮನೆಯವರಿಗೆಲ್ಲ ಗೊತ್ತಿರುವ ಮೊಳೆಗೆ ತೂಗುಹಾಕಿ.

ಅಲ್ಯುಮಿನಿಯಂ ಜಾರುಕಿಟಕಿಯಲ್ಲಿ ಲಾಕ್ ಹಿಡಿಯದಿರುವುದಕ್ಕೆ ಮುಖ್ಯ ಕಾರಣ ಕೆಳಗಿನ ಉರುಳೆ ಸವೆದು ಬಾಗಿಲು ಇಳಿದಿರುವುದು. ಮೊದಲು ಉರುಳೆ, ಆಮೇಲೆ ಲಾಕ್. ಹೊಸ ಲಾಕ್ ಕೊಳ್ಳುವಾಗ ಕೊರೆದಿರುವ ಕಿಂಡಿಯ ಉದ್ದಗಲ ಅಳೆದುಕೊಂಡು ಹೋಗಿ. ಕಬ್ಬಿಣದ ಸ್ಕ್ರೂ ಹಾಕಿದರೆ ಒದ್ದೆಯಲ್ಲಿ ಅಲ್ಯುಮಿನಿಯಂ ಬಿಳಿ ಪುಡಿಯಾಗಿ ಉದುರುತ್ತದೆ, ಸ್ಟೇನ್‌ಲೆಸ್ ಹಾಕಿ. ಹಳಿಯ ನೀರು ಹೊರಹೋಗುವ ತೂತುಗಳನ್ನು ತಂತಿಯಿಂದ ಬಿಡಿಸಿ.

ಎಣ್ಣೆಯ ವಿಚಾರ. ಕೊಬ್ಬರಿ ಎಣ್ಣೆ ಮನೆಯಲ್ಲಿದೆ ಎಂದು ಅದನ್ನೇ ಬಿಡಬೇಡಿ. ಡಿಸೆಂಬರ್–ಜನವರಿಯ ಚಳಿಗೆ ಅದು ಗಟ್ಟಿಯಾಗಿ ಧೂಳು ಹಿಡಿದು ಚಿಲಕ ಜಾಮ್ ಆಗುತ್ತದೆ. ಹೊಲಿಗೆ ಯಂತ್ರದ ಎಣ್ಣೆ ಒಂದು ಹನಿ, ಹಿಂಜ್‌ಗೆ, ಬೋಲ್ಟ್‌ಗೆ, ಗೇರ್‌ಗೆ, ಮೇ ಕೊನೆಗೆ ಒಮ್ಮೆ, ಮಳೆ ನಿಂತ ಮೇಲೆ ಅಕ್ಟೋಬರ್‌ನಲ್ಲಿ ಇನ್ನೊಮ್ಮೆ. ಮಿಕ್ಕಿದ ಎಣ್ಣೆಯನ್ನು ಬಟ್ಟೆಯಿಂದ ಒರೆಸಿ.