ಮುದ್ದೆ, ಅನ್ನ ಬಿಡದೆ ತೂಕ ಇಳಿಸಿ: ಅಡುಗೆಮನೆಯ ಅಳತೆ, ಮನೆಯಲ್ಲೇ ಕಸರತ್ತು

ತೂಕ ಇಳಿಸಲು ಹೊರಟವರು ಮೊದಲು ಬಿಡುವುದು ಅನ್ನ. ರಾತ್ರಿಗೆ ಎರಡು ಚಪಾತಿ, ಬೆಳಿಗ್ಗೆ ಬಿಸಿನೀರಿಗೆ ಜೇನು-ನಿಂಬೆ, ಅರ್ಧ ಗಂಟೆ ವಾಕಿಂಗ್. ಎರಡು ತಿಂಗಳಾದರೂ ತಕ್ಕಡಿಯ ಮುಳ್ಳು ಅಲುಗುವುದಿಲ್ಲ. ಅಲುಗದಿರುವುದರಲ್ಲಿ ಆಶ್ಚರ್ಯವೂ ಇಲ್ಲ. 40 ಗ್ರಾಂ ಗೋಧಿಹಿಟ್ಟಿನ ಚಪಾತಿಗೆ ಒಂದು ಟೀ ಚಮಚ ಎಣ್ಣೆ ಸವರಿದರೆ ಸುಮಾರು 180 ಕ್ಯಾಲರಿ, ಎರಡಕ್ಕೆ 360. ಅದೇ 60 ಗ್ರಾಂ ಅಕ್ಕಿಯ ಅನ್ನಕ್ಕೆ 210. ಊಟದ ಚಮಚದಷ್ಟು ಜೇನಿನಲ್ಲಿ ಇನ್ನೊಂದು 60. ಅನ್ನ ಬಿಟ್ಟೂ ತಿಂದದ್ದು ಹೆಚ್ಚೇ ಆಯಿತು.

ಯಾವುದನ್ನು ತಿನ್ನಬೇಕು ಅನ್ನುವುದಕ್ಕಿಂತ ಎಷ್ಟು ತಿನ್ನಬೇಕು ಅನ್ನುವುದೇ ಇಲ್ಲಿ ಮುಖ್ಯ. ನಮ್ಮ ಅಡುಗೆಯಲ್ಲಿ ಅಳತೆ ತಪ್ಪುವುದು ಎಣ್ಣೆ, ತೆಂಗಿನಕಾಯಿ, ಅನ್ನ-ಮುದ್ದೆ ಈ ಮೂರರಲ್ಲಿ. ಸಾಲದೆ ಬರುವುದು ಪ್ರೋಟೀನ್.

ಮೊದಲು ನಿಮ್ಮ ಲೆಕ್ಕ

ಕೆ.ಜಿ.ಯಲ್ಲಿರುವ ತೂಕವನ್ನು ಮೀಟರಿನಲ್ಲಿರುವ ಎತ್ತರದ ವರ್ಗದಿಂದ ಭಾಗಿಸಿದರೆ ಬಿಎಂಐ ಬರುತ್ತದೆ. ಭಾರತೀಯರಿಗೆ 23 ದಾಟಿದರೆ ಹೆಚ್ಚು ತೂಕ, 25 ದಾಟಿದರೆ ಬೊಜ್ಜು ಎಂದು ಎಣಿಸುತ್ತಾರೆ. ಆದರೆ ಕೈಕಾಲು ಸಣ್ಣಗಿದ್ದು ಹೊಟ್ಟೆ ಮಾತ್ರ ಮುಂದೆ ಬಂದವರು ನಮ್ಮಲ್ಲಿ ಬಹಳ, ಅವರ ವಿಷಯದಲ್ಲಿ ಬಿಎಂಐಗಿಂತ ಟೇಪು ಸರಿಯಾಗಿ ಹೇಳುತ್ತದೆ. ಕೆಳಗಿನ ಪಕ್ಕೆಲುಬು ಮತ್ತು ಸೊಂಟದ ಮೂಳೆಯ ಮೇಲ್ಭಾಗ, ಇವೆರಡರ ನಡುವೆ ಟೇಪು ಸುತ್ತಿ, ಸಹಜವಾಗಿ ಉಸಿರು ಬಿಟ್ಟ ಮೇಲೆ ಅಳತೆ ನೋಡಿ. ಹೊಟ್ಟೆ ಒಳಗೆ ಎಳೆದುಕೊಳ್ಳಬೇಡಿ. ಗಂಡಸರಿಗೆ 90 ಸೆಂ.ಮೀ., ಹೆಂಗಸರಿಗೆ 80 ಸೆಂ.ಮೀ. ಮಿತಿ.

ದಿನಕ್ಕೆ ಬೇಕಾದ ಕ್ಯಾಲರಿ ಹೀಗೆ ತೆಗೆಯಿರಿ: ತೂಕವನ್ನು (ಕೆ.ಜಿ.) 10ರಿಂದ, ಎತ್ತರವನ್ನು (ಸೆಂ.ಮೀ.) 6.25ರಿಂದ ಗುಣಿಸಿ ಕೂಡಿಸಿ. ಅದರಿಂದ ವಯಸ್ಸಿನ ಐದು ಪಟ್ಟನ್ನು ಕಳೆಯಿರಿ. ಹೆಂಗಸರಾದರೆ ಇನ್ನೂ 161 ಕಳೆಯಬೇಕು, ಗಂಡಸರಾದರೆ 5 ಕೂಡಿಸಬೇಕು. ಬಂದದ್ದನ್ನು, ದಿನವಿಡೀ ಕೂತು ಕೆಲಸ ಮಾಡುವವರು 1.2ರಿಂದ, ಮನೆಗೆಲಸ, ಓಡಾಟ, ವಾಕಿಂಗ್ ಇರುವವರು 1.375ರಿಂದ ಗುಣಿಸಿ. 38 ವರ್ಷದ, 158 ಸೆಂ.ಮೀ. ಎತ್ತರದ, 72 ಕೆ.ಜಿ.ಯ ಹೆಂಗಸು ಸ್ವಲ್ಪ ಓಡಾಡುವವರಾದರೆ ಸುಮಾರು 1,865 ಬರುತ್ತದೆ. ಇದರಲ್ಲಿ 450 ಕಳೆದು 1,400ರ ಆಸುಪಾಸು ಇಟ್ಟುಕೊಳ್ಳಲಿ. ದೇಹದ ಒಂದು ಕೆ.ಜಿ. ಕೊಬ್ಬಿನಲ್ಲಿ ಸುಮಾರು 7,700 ಕ್ಯಾಲರಿ ಇರುತ್ತದೆ, ಆ ಲೆಕ್ಕದಲ್ಲಿ ವಾರಕ್ಕೆ 400 ಗ್ರಾಂ, ತಿಂಗಳಿಗೆ ಒಂದೂವರೆಯಿಂದ ಎರಡು ಕೆ.ಜಿ. ಇಳಿಯುತ್ತದೆ. ಸೂತ್ರದ ಉತ್ತರ ಅಂದಾಜು ಮಾತ್ರ. ಮೂರು ವಾರದ ತೂಕ ನೋಡಿ ಹಿಂದೆ ಮುಂದೆ ಮಾಡಿಕೊಳ್ಳಿ.

ತಿಂಗಳಿಗೆ ಹತ್ತು ಕೆ.ಜಿ. ಇಳಿಸುತ್ತೇವೆ ಅನ್ನುವವರ ಮಾತು ಕೇಳಬೇಡಿ. ಅಷ್ಟು ಬೇಗ ಇಳಿದರೆ ಕೊಬ್ಬಿನ ಜೊತೆ ಮಾಂಸಖಂಡವೂ ಹೋಗುತ್ತದೆ, ಪಿತ್ತಕೋಶದಲ್ಲಿ ಕಲ್ಲು ಕಟ್ಟುವ ಅಪಾಯ ಹೆಚ್ಚುತ್ತದೆ, ಎರಡು ಮೂರು ತಿಂಗಳ ನಂತರ ಕೂದಲು ಉದುರಲು ಶುರುವಾಗುತ್ತದೆ.

ಎಣ್ಣೆಯನ್ನು ಪ್ಯಾಕೆಟ್ಟಿನಲ್ಲೇ ಹಿಡಿಯಿರಿ

ಒಗ್ಗರಣೆಗೆ ಎಣ್ಣೆ ಸುರಿಯುವಾಗ ಯಾರೂ ಅಳೆಯುವುದಿಲ್ಲ. ಒಂದು ಟೀ ಚಮಚ (5 ಮಿ.ಲೀ.) ಎಣ್ಣೆಗೆ 45 ಕ್ಯಾಲರಿ. ಕಡಲೆಕಾಯಿ ಎಣ್ಣೆ, ಸೂರ್ಯಕಾಂತಿ, ಗಾಣದ ಕೊಬ್ಬರಿ ಎಣ್ಣೆ, ಆಲಿವ್ ಯಾವುದಾದರೂ ಅಷ್ಟೇ. ತುಪ್ಪವೂ ಬಹಳ ಹಿಂದೆ ಇಲ್ಲ. ದಿನಕ್ಕೆ ತಲೆಗೆ ನಾಲ್ಕು ಟೀ ಚಮಚ ಇಟ್ಟುಕೊಂಡರೆ ನಾಲ್ಕು ಜನರ ಮನೆಗೆ ತಿಂಗಳಿಗೆ ಸುಮಾರು ಎರಡೂವರೆ ಲೀಟರ್ ಸಾಕು. ನಾಲ್ಕು ಲೀಟರ್ ಖಾಲಿಯಾಗುತ್ತಿದ್ದರೆ ಪ್ರತಿಯೊಬ್ಬರಿಗೂ ದಿನಕ್ಕೆ 120 ಕ್ಯಾಲರಿ ಗೊತ್ತಿಲ್ಲದೆ ಒಳಗೆ ಹೋಗುತ್ತಿದೆ. ಪ್ಯಾಕೆಟ್ ಒಡೆದ ದಿನ ಅದರ ಮೇಲೆ ತಾರೀಖು ಬರೆದಿಡಿ. ದಿನಾ ಲೆಕ್ಕ ಇಡುವ ತಾಪತ್ರಯ ಇಲ್ಲದೆ ಇಡೀ ಮನೆಯ ಎಣ್ಣೆ ಕೈಗೆ ಸಿಗುತ್ತದೆ. ಕ್ಯಾನಿನಿಂದ ನೇರವಾಗಿ ಸುರಿಯುವುದನ್ನು ನಿಲ್ಲಿಸಿ, ಎಣ್ಣೆ ಪಾತ್ರೆಯಲ್ಲಿ ಚಮಚ ಇಡಿ.

ಪಲ್ಯಕ್ಕೆ ಎಣ್ಣೆ ಕಡಿಮೆಯಾದರೆ ತಳ ಹಿಡಿಯುತ್ತದೆ ಅನ್ನುವುದು ನಿಜ. ಎರಡು ಟೀ ಚಮಚದಲ್ಲಿ ಸಾಸಿವೆ, ಕರಿಬೇವು ಸಿಡಿಸಿ, ತರಕಾರಿ ಹಾಕಿ, ಅರ್ಧ ಲೋಟ ನೀರು ಚಿಮುಕಿಸಿ ಮುಚ್ಚಿ ಬೇಯಿಸಿ, ಕೊನೆಯಲ್ಲಿ ಮುಚ್ಚಳ ತೆಗೆದು ನೀರು ಆರಿಸಿ. ಬೆಂಡೆಕಾಯಿ ಮಾತ್ರ ಇದಕ್ಕೆ ಒಗ್ಗುವುದಿಲ್ಲ, ಲೋಳೆಯಾಗುತ್ತದೆ. ಅದಕ್ಕೆ ಎಣ್ಣೆ ಹಾಕಿಯೇ ಮಾಡಿ, ವಾರಕ್ಕೊಮ್ಮೆ ಸಾಕು.

ಹಸಿ ತೆಂಗಿನಕಾಯಿ 100 ಗ್ರಾಂಗೆ 350ರಿಂದ 400 ಕ್ಯಾಲರಿ. ಚಟ್ನಿಗೆ ಕಾಯಿ ಅರ್ಧ ಮಾಡಿ, ಉಳಿದರ್ಧಕ್ಕೆ ಹುರಿಗಡಲೆ, ಕೊತ್ತಂಬರಿ ಸೊಪ್ಪು ಹಾಕಿ. ಹೀರೆಕಾಯಿ ಸಿಪ್ಪೆಯ ಚಟ್ನಿಯಾದರೆ ಇನ್ನೂ ಒಳ್ಳೆಯದು. ಕರಾವಳಿಯ ಕಾಯಿ ಅರೆದ ಗಸಿಯನ್ನು ದಿನಾ ಬೇಡವೆಂದರೆ ಮನೆಯಲ್ಲಿ ಜಗಳವೇ ಆದೀತು. ಮಾಡಿ, ಕಾಯಿ ಕಡಿಮೆ ಮಾಡಿ, ಬಡಿಸುವಾಗ ಹೋಳು ಹೆಚ್ಚು, ರಸ ಕಡಿಮೆ ಹಾಕಿ.

ಮುದ್ದೆ, ಅನ್ನ

ರಾಗಿ ತಿಂದರೆ ತೂಕ ಇಳಿಯುತ್ತದೆ ಅನ್ನುವುದು ಅರ್ಧ ಸತ್ಯ. 100 ಗ್ರಾಂ ರಾಗಿಹಿಟ್ಟಿನಲ್ಲಿ ಸುಮಾರು 320 ಕ್ಯಾಲರಿ, 100 ಗ್ರಾಂ ಅಕ್ಕಿಯಲ್ಲಿ 350. ವ್ಯತ್ಯಾಸ ಹೆಚ್ಚಿಲ್ಲ. ರಾಗಿಯ ಲಾಭ ನಾರಿನದು: ಪಾಲಿಶ್ ಅಕ್ಕಿಯಲ್ಲಿ ಮೂರು ಗ್ರಾಂ ಇದ್ದರೆ ಇದರಲ್ಲಿ ಹನ್ನೊಂದು ಗ್ರಾಂ. ಹಸಿವು ತಡವಾಗಿ ಆಗುತ್ತದೆ. ದೊಡ್ಡ ಮುದ್ದೆ ನುಂಗಿ ಮೇಲೆ ಎರಡು ಸೌಟು ಅನ್ನವನ್ನೂ ಹಾಕಿಸಿಕೊಂಡರೆ ಆ ಲಾಭ ಅಲ್ಲಿಗೆ ಮುಗಿಯಿತು. ಬೆಳಿಗ್ಗೆ ತಿಂಡಿಯ ಜೊತೆಗೆ ಅಂಬಲಿ ಕುಡಿಯುವುದೂ ಇದೇ ಜಾತಿಯ ತಪ್ಪು. ಅಂಬಲಿ ಕುಡಿಯುವುದಾದರೆ ಅದೇ ತಿಂಡಿಯಾಗಲಿ.

ಬೇಯಿಸುವ ಮುಂಚೆ ಅಳೆಯುವುದು ಸುಲಭ. ಅಡುಗೆಮನೆಯ ಸಣ್ಣ ಡಿಜಿಟಲ್ ತಕ್ಕಡಿಯಲ್ಲಿ ನಿಮ್ಮ ಮನೆಯ ಪಾವಿಗೋ ಲೋಟಕ್ಕೋ ಎಷ್ಟು ಗ್ರಾಂ ಹಿಡಿಯುತ್ತದೆ ಎಂದು ಒಮ್ಮೆ ತೂಗಿಟ್ಟುಕೊಳ್ಳಿ. ತಲೆಗೆ 50 ಗ್ರಾಂ ರಾಗಿಹಿಟ್ಟು ಅಥವಾ 50-60 ಗ್ರಾಂ ಅಕ್ಕಿ ಲೆಕ್ಕ ಹಾಕಿ ಬೇಯಿಸಿ. ಮುದ್ದೆಯಾದರೆ ಕಟ್ಟುವಾಗಲೇ ಸಮ ಮಾಡಿ. ಮಿಕ್ಕಿದ್ದನ್ನು ತಟ್ಟೆಗೆ ಖಾಲಿ ಮಾಡುವ ಅಭ್ಯಾಸ ಹೆಚ್ಚಾಗಿ ಮನೆಯ ಹೆಂಗಸರದ್ದೇ. ಅಳೆದು ಮಾಡಿದರೆ ಮಿಗುವುದೂ ಇಲ್ಲ.

ತಟ್ಟೆಯ ಅರ್ಧ ಭಾಗ ಪಲ್ಯ, ಕೋಸಂಬರಿ, ಸೊಪ್ಪಿಗೆ ಬಿಡಿ. ಆಲೂಗಡ್ಡೆ, ಗೆಣಸು, ಸುವರ್ಣಗೆಡ್ಡೆ ಈ ಲೆಕ್ಕಕ್ಕೆ ಬರುವುದಿಲ್ಲ, ಅವು ಅನ್ನದ ಪಾಲಿಗೆ. ಸಕ್ಕರೆಯ ವಿಷಯ ಹೆಚ್ಚು ಹೇಳಬೇಕಿಲ್ಲ: ದಿನಕ್ಕೆ ಮೂರು ಕಾಫಿ, ಒಂದೊಂದಕ್ಕೂ ಎರಡು ಟೀ ಚಮಚ ಎಂದರೆ 120 ಕ್ಯಾಲರಿ. ಬೆಲ್ಲ ಹಾಕಿದರೂ ಹೆಚ್ಚುಕಡಿಮೆ ಅಷ್ಟೇ.

ಪ್ರೋಟೀನ್ ಸಾಲುವುದಿಲ್ಲ, ಸಾರು ತಿಳಿಯಾಗಿದೆ

ನೀವು ಮುಟ್ಟಬೇಕಾದ ತೂಕದ ಪ್ರತಿ ಕೆ.ಜಿ.ಗೆ 1ರಿಂದ 1.2 ಗ್ರಾಂ ಪ್ರೋಟೀನ್ ಬೇಕು. 60 ಕೆ.ಜಿ. ಗುರಿಯಾದರೆ ದಿನಕ್ಕೆ 60-70 ಗ್ರಾಂ. ಇದು ಕಡಿಮೆಯಾದಾಗಲೇ ನಾಲ್ಕು ಗಂಟೆಗೆ ಹಸಿವಾಗಿ ಕೈ ಚಕ್ಕುಲಿ ಡಬ್ಬಿಗೆ ಹೋಗುವುದು. ಬೇಳೆ ತಿನ್ನುತ್ತೇವಲ್ಲ ಅನ್ನುತ್ತಾರೆ. 30 ಗ್ರಾಂ ತೊಗರಿಬೇಳೆಯಲ್ಲಿ ಆರೂವರೆ ಗ್ರಾಂ ಪ್ರೋಟೀನ್ ಇದೆ, ನಿಜ. ಆದರೆ ತಿಳಿಸಾರಿನ ಒಂದು ಸೌಟಿನಲ್ಲಿ ಅಷ್ಟು ಬೇಳೆ ಎಲ್ಲಿ ಬರಬೇಕು? ಸಾರು ಗಟ್ಟಿಯಾಗಿರಲಿ, ವಾರದಲ್ಲಿ ನಾಲ್ಕು ದಿನ ಹುರುಳಿ, ಅಲಸಂದೆ, ಮೊಳಕೆ ಹೆಸರುಕಾಳಿನ ಹುಳಿಯಾಗಲಿ. ಹುರುಳಿಕಟ್ಟು ಬಸಿದು ಕಾಳನ್ನು ದನಕ್ಕೆ ಹಾಕುವ ಮನೆಗಳಿವೆ. ಆ ಕಾಳೇ ನಿಮಗೆ ಬೇಕಾದದ್ದು, ಪಲ್ಯ ಮಾಡಿ.

1,400 ಕ್ಯಾಲರಿಯ ಒಂದು ಸಸ್ಯಾಹಾರಿ ದಿನ ಹೀಗಿರಬಹುದು. ಸಕ್ಕರೆಯಿಲ್ಲದ ಎರಡು ಕಾಫಿ, ಒಟ್ಟು 200 ಮಿ.ಲೀ. ಹಾಲು. ತಿಂಡಿಗೆ 50 ಗ್ರಾಂ ಹೆಸರುಕಾಳು ನೆನೆಸಿ ರುಬ್ಬಿದ ಎರಡು ದೋಸೆ, ಒಂದು ಟೀ ಚಮಚ ಎಣ್ಣೆ, ಸ್ವಲ್ಪ ಚಟ್ನಿ. ಮಧ್ಯಾಹ್ನ 50 ಗ್ರಾಂ ಹಿಟ್ಟಿನ ಮುದ್ದೆ, 30 ಗ್ರಾಂ ಬೇಳೆಯ ಗಟ್ಟಿ ಸಾರು, ಒಂದು ಬಟ್ಟಲು ಪಲ್ಯ, ಸೌತೆಕಾಯಿ, 150 ಗ್ರಾಂ ಮೊಸರು. ಸಂಜೆ 30 ಗ್ರಾಂ ಕಡಲೆಕಾಳು ಬೇಯಿಸಿದ ಉಸಲಿ, ಒಂದು ಸೀಬೆಹಣ್ಣು. ರಾತ್ರಿ ಎಣ್ಣೆ ಸವರದ ಎರಡು ಸಣ್ಣ ಫುಲ್ಕಾ, 25 ಗ್ರಾಂ ಸೋಯಾ ಚಂಕ್ಸ್ ಹಾಕಿದ ತರಕಾರಿ ಪಲ್ಯ. ಪ್ರೋಟೀನ್ ಸುಮಾರು 60 ಗ್ರಾಂ. ಮೊಟ್ಟೆ ತಿನ್ನುವವರಿಗೆ ಎರಡು ಮೊಟ್ಟೆಗೆ 12 ಗ್ರಾಂ ಸಿಗುತ್ತದೆ; ಕೋಳಿ, ಮೀನಿನವರಿಗೆ ಇನ್ನೂ ಸಲೀಸು, ಹುರಿದದ್ದು ಬೇಡ ಅಷ್ಟೇ. ಕಡಲೆಕಾಯಿ ಬೀಜವನ್ನು ಪ್ರೋಟೀನ್ ಎಂದು ಬೊಗಸೆಗಟ್ಟಲೆ ತಿನ್ನಬೇಡಿ: 30 ಗ್ರಾಂಗೆ 170 ಕ್ಯಾಲರಿ, ಬಹುಪಾಲು ಕೊಬ್ಬು.

ಮದುವೆ ಮನೆಯ ಬಾಳೆಎಲೆ ಊಟಕ್ಕೆ ಹೋದರೆ ಕೋಸಂಬರಿ, ಪಲ್ಯ ಮೊದಲು ಖಾಲಿ ಮಾಡಿ, ಒಂದು ಹೋಳಿಗೆ ತಿನ್ನಿ, ಎರಡನೇ ಸಲ ಅನ್ನ ಬಂದಾಗ ಎಲೆಗೆ ಕೈ ಅಡ್ಡ ಇಡಿ. ಮರುದಿನ ಉಪವಾಸ ಬೇಡ. ಹಗಲು ಉಪವಾಸವಿದ್ದವರು ರಾತ್ರಿ ಅವಲಕ್ಕಿಯಿಂದ ಹಿಡಿದು ಬಿಸ್ಕತ್ತಿನವರೆಗೆ ಸಿಕ್ಕಿದ್ದೆಲ್ಲ ತಿನ್ನುತ್ತಾರೆ.

ಕಸರತ್ತು

70 ಕೆ.ಜಿ. ತೂಕದವರು ಅರ್ಧ ಗಂಟೆ ಬಿರುಸಾಗಿ ನಡೆದರೆ ಕರಗುವುದು ಸುಮಾರು 150 ಕ್ಯಾಲರಿ. ಪಾರ್ಕಿನ ಗೇಟಿನ ಬಳಿ ಎರಡು ಉದ್ದಿನವಡೆ ತಿಂದರೆ ಅದು ವಾಪಸ್. ಆದ್ದರಿಂದ ತೂಕ ಇಳಿಸುವ ಕೆಲಸ ಊಟದ್ದು. ನಡಿಗೆ ಹೃದಯಕ್ಕೆ, ಸಕ್ಕರೆ ಕಾಯಿಲೆಗೆ, ಇಳಿದ ತೂಕ ಮತ್ತೆ ಏರದಂತೆ ನೋಡಿಕೊಳ್ಳುವುದಕ್ಕೆ. ಮೊದಲ ವಾರ ದಿನಕ್ಕೆ 20 ನಿಮಿಷ, ವಾರವಾರವೂ ಐದೈದು ನಿಮಿಷ ಏರಿಸಿ 45ಕ್ಕೆ ತನ್ನಿ. ಮಾತಾಡಲು ಆಗಬೇಕು, ಹಾಡಲು ಆಗಬಾರದು, ಅದೇ ಸರಿಯಾದ ವೇಗ.

ಸ್ನಾಯು ಉಳಿಸಲು ಭಾರದ ಕಸರತ್ತು ಬೇಕೇ ಬೇಕು, ಹೆಂಗಸರಿಗಂತೂ ನಲವತ್ತು ದಾಟಿದ ಮೇಲೆ ಇನ್ನೂ ಬೇಕು. ಜಿಮ್ ಇಲ್ಲದಿದ್ದರೂ ಗರಡಿಮನೆಯ ಬಸ್ಕಿ, ದಂಡ ಇದ್ದೇ ಇವೆ. ವಾರಕ್ಕೆ ಮೂರು ದಿನ, ನಡುವೆ ಒಂದೊಂದು ದಿನ ಬಿಟ್ಟು, 25 ನಿಮಿಷ ಸಾಕು.

ಬಸ್ಕಿಯನ್ನು ಕುರ್ಚಿಯಿಂದ ಶುರು ಮಾಡಿ. ಪಾದಗಳು ಭುಜದಷ್ಟು ಅಗಲ, ಮೂರು ಎಣಿಸುತ್ತ ನಿಧಾನ ಕೂತು, ಕೈ ಊರದೆ ಏಳಿ. ಹತ್ತರಂತೆ ಮೂರು ಸುತ್ತು. ಮಂಡಿ ನೋವಿದ್ದರೆ ಕುರ್ಚಿಯ ಮೇಲೆ ದಿಂಬು ಹಾಕಿ ಎತ್ತರ ಮಾಡಿಕೊಳ್ಳಿ. ಏಳುವಾಗ ಮಂಡಿಗಳು ಒಳಕ್ಕೆ ಬಾಗಬಾರದು. ದಂಡವನ್ನು ಮೊದಲು ಗೋಡೆಗೆ, ಆಮೇಲೆ ಅಡುಗೆ ಕಟ್ಟೆಗೆ, ಆಮೇಲೆ ಮಂಚದ ಅಂಚಿಗೆ, ಕೊನೆಗೆ ನೆಲಕ್ಕೆ ಕೈ ಊರಿ ಮಾಡಿ. ತಲೆಯಿಂದ ಹಿಮ್ಮಡಿವರೆಗೆ ಮೈ ಒಂದೇ ಗೆರೆಯಲ್ಲಿರಲಿ, ಸೊಂಟ ಜೋತು ಬಿದ್ದರೆ ಬೆನ್ನು ಹಿಡಿಯುತ್ತದೆ. ಅಂಗಾತ ಮಲಗಿ ಮಂಡಿ ಮಡಚಿ ಸೊಂಟ ಮೇಲೆತ್ತುವುದು ಹನ್ನೆರಡರಂತೆ ಮೂರು ಸುತ್ತು. ಬೆನ್ನಿಗೆ, ಎರಡು ಲೀಟರಿನ ಎರಡು ಬಾಟಲಿ ತುಂಬಿದ ಚೀಲ ಹಿಡಿದು, ಇನ್ನೊಂದು ಕೈಯನ್ನು ಮೇಜಿಗೆ ಊರಿ ಮುಂದೆ ಬಾಗಿ, ಮೊಣಕೈಯನ್ನು ಪಕ್ಕೆಯ ಹಿಂದಕ್ಕೆ ಎಳೆಯಿರಿ. ಒಂದೊಂದು ಕೈಗೆ ಹತ್ತು. ಸುತ್ತುಗಳ ನಡುವೆ ಒಂದೂವರೆ ನಿಮಿಷ ವಿಶ್ರಾಂತಿ.

ಪ್ರತಿ ಸುತ್ತಿನ ಕೊನೆಯ ಎರಡು ಕಷ್ಟವಾಗಬೇಕು, ಆದರೆ ಇನ್ನೆರಡು ಮಾಡಬಲ್ಲೆ ಅನ್ನುವಾಗ ನಿಲ್ಲಿಸಿ. ಹದಿನೈದರಂತೆ ಮೂರು ಸುತ್ತು ಸಲೀಸಾದರೆ ಭಾರ ಏರಿಸಿ: ಐದು ಲೀಟರ್ ಕ್ಯಾನಿಗೆ ನೀರು ತುಂಬಿದರೆ ಐದು ಕೆ.ಜಿ. ಆಗುತ್ತದೆ. ಭಾರ ಏರಿಸದೆ ಆರು ತಿಂಗಳು ಅದನ್ನೇ ಮಾಡುತ್ತಿದ್ದರೆ ಸ್ನಾಯು ಬೆಳೆಯುವುದಿಲ್ಲ. ಮೊದಲ ದಿನವೇ ನೂರು ಬಸ್ಕಿ ಹೊಡೆದವರು ಮೂರು ದಿನ ಮೆಟ್ಟಿಲು ಇಳಿಯಲಾರದೆ ಅಲ್ಲಿಗೇ ಬಿಡುತ್ತಾರೆ. ವಿಪರೀತ ಮೈಕೈ ನೋವಿನ ಜೊತೆ ಮೂತ್ರ ಕೋಲಾ ಬಣ್ಣಕ್ಕೆ ತಿರುಗಿದರೆ ಅಂದೇ ಆಸ್ಪತ್ರೆಗೆ ಹೋಗಿ, ಕಿಡ್ನಿಗೆ ಅಪಾಯ. ಹೊಟ್ಟೆಯ ಕಸರತ್ತಿನಿಂದ ಹೊಟ್ಟೆಯ ಕೊಬ್ಬು ಮಾತ್ರ ಕರಗುವುದಿಲ್ಲ; ಕೊಬ್ಬು ಇಡೀ ಮೈಯಿಂದ ಇಳಿಯುತ್ತದೆ.

ಶುರು ಮಾಡುವ ಮುಂಚೆ ಕೆಲವರು ವೈದ್ಯರನ್ನು ಕಾಣಲೇಬೇಕು. ಇನ್ಸುಲಿನ್ ಅಥವಾ ಗ್ಲಿಮೆಪಿರೈಡ್ (ಸಕ್ಕರೆ ಕಾಯಿಲೆಯ ಮಾತ್ರೆ) ತೆಗೆದುಕೊಳ್ಳುವವರು ಊಟ ಕಡಿಮೆ ಮಾಡಿದರೆ ಸಕ್ಕರೆ ಅಪಾಯದ ಮಟ್ಟಕ್ಕೆ ಇಳಿಯಬಹುದು, ಡೋಸ್ ಬದಲಿಸಬೇಕಾಗುತ್ತದೆ. ಬಿ.ಪಿ. ಮಾತ್ರೆಯದೂ ಹಾಗೆಯೇ. ಕಿಡ್ನಿ ತೊಂದರೆಯವರು ಪ್ರೋಟೀನ್ ಏರಿಸಬಾರದು. ನಡೆಯುವಾಗ ಎದೆ ಬಿಗಿಯುವವರು ಮೊದಲು ಪರೀಕ್ಷೆ ಮಾಡಿಸಲಿ. ಗರ್ಭಿಣಿಯರಿಗೆ, ಎಳೆ ಬಾಣಂತಿಯರಿಗೆ ಇದು ಸಮಯವಲ್ಲ.

ಮುಳ್ಳು ನಿಂತಾಗ

ಬೆಳಿಗ್ಗೆ ಶೌಚ ಮುಗಿಸಿ, ಏನೂ ಕುಡಿಯುವ ಮುಂಚೆ ತೂಕ ನೋಡಿ, ಏಳು ದಿನದ ಸರಾಸರಿ ತೆಗೆಯಿರಿ. ಮೊದಲ ವಾರ ಎರಡು ಕೆ.ಜಿ. ಇಳಿದರೆ ಹಿಗ್ಗಬೇಡಿ, ಅದರಲ್ಲಿ ಬಹುಪಾಲು ನೀರು: ದೇಹ ಗ್ಲೈಕೋಜನ್ ರೂಪದಲ್ಲಿ ಕೂಡಿಟ್ಟ ಸಕ್ಕರೆಯ ಪ್ರತಿ ಗ್ರಾಂ ಜೊತೆ ಸುಮಾರು ಮೂರು ಗ್ರಾಂ ನೀರು ಇರುತ್ತದೆ. ಉಪ್ಪಿನಕಾಯಿ, ಹಪ್ಪಳದ ಮರುದಿನ ಒಂದು ಕೆ.ಜಿ. ಏರಿದರೆ ಅದೂ ನೀರೇ. ಮುಟ್ಟಿನ ಮುಂಚಿನ ದಿನಗಳಲ್ಲೂ ಹೀಗಾಗುತ್ತದೆ, ಆದ್ದರಿಂದ ಹೆಂಗಸರು ಒಂದು ತಿಂಗಳಿನ ವಾರವನ್ನು ಹಿಂದಿನ ತಿಂಗಳಿನ ಅದೇ ವಾರದೊಂದಿಗೆ ಹೋಲಿಸಲಿ.

ಸರಾಸರಿ ಮೂರು ವಾರ ಕದಲದೆ, ಸೊಂಟದ ಅಳತೆಯೂ ನಿಂತಿದ್ದರೆ ಮೊದಲು ಎಣ್ಣೆ ಪ್ಯಾಕೆಟ್ಟಿನ ತಾರೀಖು ನೋಡಿ. ಸಾಮಾನ್ಯವಾಗಿ ಅಲ್ಲೇ ಸಿಗುತ್ತದೆ. ಅಲ್ಲಿ ಸರಿಯಿದ್ದರೆ ಹೊಸ ತೂಕ ಹಾಕಿ ಸೂತ್ರ ಮತ್ತೆ ಬಿಡಿಸಿ, ಇಳಿದ ಮೈಗೆ ಬೇಕಾದದ್ದೂ ಕಡಿಮೆ. ದಿನಕ್ಕೆ 100-150 ಕ್ಯಾಲರಿ ಕಳೆಯಿರಿ, ಇಲ್ಲವೇ 2,000 ಹೆಜ್ಜೆ ಹೆಚ್ಚು ನಡೆಯಿರಿ. ಎರಡನ್ನೂ ಒಟ್ಟಿಗೆ ಬೇಡ, ಯಾವುದು ಕೆಲಸ ಮಾಡಿತೆಂದು ಗೊತ್ತಾಗುವುದಿಲ್ಲ.

ಗುರಿ ತೂಕ ಮುಟ್ಟಿದ ಮೇಲೆ ವಾರಕ್ಕೆ 100 ಕ್ಯಾಲರಿಯಂತೆ ಊಟ ಏರಿಸುತ್ತ ಹೋಗಿ, ತೂಕ ನಿಂತಲ್ಲಿ ನಿಲ್ಲಿಸಿ. ಬಸ್ಕಿ, ದಂಡ ಮುಂದುವರಿಯಲಿ. ಸರಾಸರಿ ಎರಡು ಕೆ.ಜಿ. ಏರಿದ ವಾರವೇ ತಕ್ಕಡಿಯನ್ನು ಮತ್ತೆ ಅಡುಗೆ ಕಟ್ಟೆಗೆ ತನ್ನಿ, ಐದು ಕೆ.ಜಿ. ಏರುವವರೆಗೆ ಕಾಯಬೇಡಿ.